ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು

ಮೊದಲು ಮೂರು ಕೆಮ್ಮು. ಆಮೇಲೆ ಸ್ವಲ್ಪ ಮೌನ, ಒಂದು ಮಿಲಿಟರಿ ಬೈಗುಳ, ಮತ್ತೆ ಮೂರು ಕೆಮ್ಮು. ಕೊನೆಗೆ ಡರ್ರೆಂದು, ಇಡೀ ಕಾವೇರಿಯನ್ನೇ ಯಾರೋ ಹೊಲಿಗೆ ಮೆಷಿನ್ನಿಗೆ ಕೊಟ್ಟ ಹಾಗೆ ಒಂದು ಸದ್ದು. ನಮ್ಮ ದೊಡ್ಡಪ್ಪನ ಮೋಟಾರ್ ಬೋಟ್ ಹೊರಟಿತೆಂದು ನದಿಯ ಎರಡೂ ದಡಗಳಿಗೆ ಗೊತ್ತಾಗುತ್ತಿದ್ದುದು ಹೀಗೆ. ಈಗಲೂ ಪಕ್ಕದ ಕಾಂಪೌಂಡಿನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಹಗ್ಗ ಎಳೆದರೆ ನನ್ನ ಕೈ ತಾನಾಗಿ ತಲೆಯ ರಿಬ್ಬನ್ ಹುಡುಕುತ್ತದೆ. ರಿಬ್ಬನ್ ಹೋಗಿ ಯಾವ ಕಾಲವಾಯಿತೋ. ಕೂದಲೂ ಹೆಚ್ಚುಕಡಿಮೆ ಅದರ ಹಿಂದೆಯೇ ಹೊರಟಿದೆ.

ರಿಬ್ಬನ್ನಿನ ಮಾತು ಯಾಕೆ ಬಂತೆಂದರೆ, ಆ ಬೋಟಿನ ಮೂತಿಯ ಮೇಲೆ ರಾಣಿಯಂತೆ ಕೂತಿರುತ್ತಿದ್ದವಳು ನಾನು. ಮಡಿಕೇರಿಯ ಕಾನ್ವೆಂಟಿನಿಂದ ರಜೆಗೆ ಬಂದ ಹದಿನೈದರ ಹುಡುಗಿ, ನೀಲಿ ರಿಬ್ಬನ್, ಗಾಳಿಗೆ ಒಡ್ಡಿದ ಮುಖ. ದಡದಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಕೈ ಬೀಸುವುದು ನನ್ನ ಡಿಪಾರ್ಟ್‌ಮೆಂಟು. ನಮ್ಮ ಬೋಟು ಹೋದ ಮೇಲೆ ಅವರ ಬಟ್ಟೆಗಳೂ ಹೋಗುತ್ತಿದ್ದವೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ನಮ್ಮದು ಕೂರ್ಗ್ ಸ್ಟೇಟ್. ಕುಶಾಲನಗರವನ್ನು ಫ್ರೇಜರ್‌ಪೇಟೆ ಎನ್ನುತ್ತಿದ್ದರು. ನಮ್ಮ ಮನೆ ಅಲ್ಲಿಂದ ಕೆಳಗೆ, ಹೊಳೆಯ ಈಚೆ ದಡದಲ್ಲಿ. ಆಚೆ ದಡ ಮೈಸೂರು ಸ್ಟೇಟ್. ನಮ್ಮಜ್ಜ ಹಾಸನದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದು ಇಲ್ಲಿ ಗದ್ದೆ ಮಾಡಿದವರು. ದೊಡ್ಡಪ್ಪ ಬರ್ಮಾ ಯುದ್ಧದಿಂದ ಸುಬೇದಾರರಾಗಿ ಮರಳಿದವರು. ಮರಳುವಾಗ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಒಂದು ಎಂಜಿನ್ ತಂದರು, ದೋಣಿಯ ಹಿಂದಕ್ಕೆ ಸಿಕ್ಕಿಸುವಂಥದ್ದು. ಎರಡು ಮೈಲಿ ಕೆಳಗಿದ್ದ ಗದ್ದೆ ನೋಡಿಬರಲು ಬೈಸಿಕಲ್ ಧಾರಾಳ ಸಾಕಿತ್ತು. ಆದರೆ ಬೈಸಿಕಲ್ ಸವಾರನನ್ನು ನೋಡಲು ಯಾರು ಎದ್ದು ನಿಲ್ಲುತ್ತಾರೆ?

ಈ ಎದ್ದು ನಿಲ್ಲುವುದೇ ನನ್ನ ಇವತ್ತಿನ ವಿಷಯ. ನಮ್ಮೂರಲ್ಲಿ ಹಿರಿಯರು ಬಂದರೆ ಕೂತವರು ಏಳಬೇಕು. ಕಾನ್ವೆಂಟಿನಲ್ಲಿ ಮದರ್ ಒಳಗೆ ಬಂದರೆ ಬೆಂಚುಗಳು ಗುಡುಗುವಂತೆ ಏಳಬೇಕು. ಎರಡೂ ಕಡೆ ತರಬೇತಾದ ನನ್ನ ಮೊಣಕಾಲುಗಳು ಈ ವಯಸ್ಸಿನಲ್ಲೂ, ಡಾಕ್ಟರ್ ಬೇಡವೆಂದಿದ್ದರೂ, ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಎದ್ದು ಆಮೇಲೆ ನೋಯುತ್ತವೆ. ಆದರೆ ಎದ್ದು ನಿಲ್ಲಬಾರದ ಜಾಗ ಭೂಮಿಯ ಮೇಲೆ ಒಂದಿದೆ. ಅದು ಹರಿಗೋಲು.

ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಬಿಗಿದರೆ ಹರಿಗೋಲು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಕೂತವರು ಒಂದೇ ತೂಕದಲ್ಲಿ ಸುತ್ತ ಕೂತರೆ ತಾಯಿಯ ಮಡಿಲು. ಒಬ್ಬರು ಎದ್ದರೆ ಅದರ ಬುದ್ಧಿ ಬೇರೆಯಾಗುತ್ತದೆ. ಹೊಳೆ ದಾಟಿಸುವ ನಮ್ಮ ಕಡವಿನ ಅಂಬಿಗ ಬೋರಯ್ಯ. ಅವನ ಹರಿಗೋಲಿನಿಂದ ಅಲ್ಲಿಯವರೆಗೆ ಒಂದು ಕೋಳಿಯೂ ನೀರಿಗೆ ಬಿದ್ದಿರಲಿಲ್ಲ. ಅವನ ಹೆಮ್ಮೆಯೆಂದರೆ ಅದೊಂದೇ. ಸಂತೆಯ ದಿನ ಆಚೆಯಿಂದ ಸೊಪ್ಪಿನ ಮಂಕರಿ, ಮಡಕೆ, ಕುರಿಮರಿ, ಬಾಣಂತಿಯರು ಎಲ್ಲ ಈಚೆಗೆ ಬರಬೇಕು. ಮುಂದೆ ನಾನು ಕೊಚ್ಚಿಯ ಹಾರ್ಬರ್ ನೋಡಿದೆ. ಅಲ್ಲಿ ಅಷ್ಟು ದೊಡ್ಡ ಹಡಗುಗಳ ನಡುವೆ ಲಾಂಚುಗಳು ಅಲೆಯೆಬ್ಬಿಸದೆ ನಿಧಾನ ಹೋಗಬೇಕೆಂದು ಬೋರ್ಡು ಹಾಕಿದ್ದರು. ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ, ‘ನಮ್ಮ ಕಡವಲ್ಲಿ ಇಷ್ಟೇ ರಶ್ ಇರ್ತಿತ್ತು ಗೊತ್ತಾ’ ಎಂದೆ. ಅವರು ನಕ್ಕರು. ಗಂಡಂದಿರು ಹೆಂಡತಿಯ ತವರಿನ ವಿಷಯದಲ್ಲಿ ಸ್ವಲ್ಪ ಡಿಸ್ಕೌಂಟ್ ಕಳೆದೇ ಕೇಳುತ್ತಾರೆ.

ದೊಡ್ಡಪ್ಪ ಕಡವಿನ ಹತ್ತಿರ ಬಂದಾಗ ಎಂಜಿನ್ ಇನ್ನೂ ಜೋರು ಮಾಡುತ್ತಿದ್ದರು. ಜನ ಇಲ್ಲದ ಕಡೆ ಸ್ಪೀಡಿಗೆ ಏನರ್ಥ? ಹರಿಗೋಲಿನವರು ಸುಬೇದಾರಪ್ಪನನ್ನು ಕಂಡು ಅರ್ಧ ಎದ್ದು ಕೈ ಮುಗಿಯುವರು. ದೊಡ್ಡಪ್ಪ ಸೆಲ್ಯೂಟ್ ಹೊಡೆಯುವರು. ನಾನು ಕೈ ಬೀಸುವೆ. ನಾವು ತಿರುವು ದಾಟಿದ ಮೇಲೆ ನಮ್ಮ ಅಲೆ ಅವರನ್ನು ಮುಟ್ಟುತ್ತಿತ್ತು.

ಬೋರಯ್ಯ ಒಂದು ದಿನ ಮನೆಗೇ ಬಂದ. ಜಗಲಿಯ ಕೆಳಗೆ ನಿಂತು ಟವೆಲ್ ಹಿಂಡಿದ.

‘ಸುಬೇದಾರ್ರೇ, ಕಡವಿನ ಹತ್ರ ವಸಿ ನಿಧಾನಕ್ಕೆ ಹೋಗಿ.’

‘ಯಾಕಯ್ಯಾ? ನಿನ್ನ ಬುಟ್ಟಿಗೆ ಎಂದಾದ್ರೂ ತಾಗಿಸಿದೀನಾ?’

‘ನೀವು ತಾಗಿಸಲ್ಲ. ನಿಮ್ಮ ಹಿಂದೆ ಬರೋ ನೀರು ತಾಗುತ್ತೆ. ಅಷ್ಟೊತ್ತಿಗೆ ನೀವು ಕಾಣಾಕೇ ಇರಲ್ಲ.’

‘ನೀರು ಅಲ್ಲಾಡದೆ ಇರೋಕೆ ಇದೇನು ಬಿಂದಿಗೇನಾ?’ ಎಂದು ದೊಡ್ಡಪ್ಪ ನಕ್ಕರು. ಬೋರಯ್ಯನೂ ನಕ್ಕ, ಬೇರೆ ದಾರಿಯಿಲ್ಲದವರು ನಗುವ ಹಾಗೆ. ನಾನು ಒಳಗಿನಿಂದ ಕೇಳಿ, ಹೌ ವಿಟ್ಟಿ ನಮ್ಮ ದೊಡ್ಡಪ್ಪ ಅಂದುಕೊಂಡೆ.

ಅದರ ಮುಂದಿನ ಸಂತೆ. ಹರಿಗೋಲಿನ ತುಂಬ ಜನ. ಅಂಚಿನಲ್ಲಿ ಸೊಪ್ಪು ಮಾರುವ ಕೆಂಪಮ್ಮ. ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡ ಸೂಲಗಿತ್ತಿಯೂ ಆಕೆಯೇ. ನಾವು ಸರ್ರನೆ ದಾಟಿದೆವು. ಅವತ್ತು ತಿರುವಿಗೆ ಮೊದಲೇ ನಾನು ಹಿಂದಕ್ಕೆ ತಿರುಗಿ ನೋಡಿದರೆ ಎಲ್ಲರೂ ಎರಡೂ ಕೈ ಮೇಲೆತ್ತಿ ಆಡಿಸುತ್ತಿದ್ದಾರೆ. ‘ದೊಡ್ಡಪ್ಪಾ, ಇವತ್ತು ಎಲ್ರೂ ಟಾಟಾ ಮಾಡ್ತಿದಾರೆ!’ ಎಂದು ನಾನೂ ಎರಡು ಕೈ ಬೀಸಿದೆ. ಅಷ್ಟು ಉತ್ಸಾಹದಿಂದ ನಾನು ಜೀವನದಲ್ಲಿ ಇನ್ಯಾರಿಗೂ ಕೈ ಬೀಸಿಲ್ಲ.

ದೊಡ್ಡಪ್ಪ ಸಂತೋಷದಿಂದ ತಿರುಗಿದರು. ಅವರ ಮುಖ ಬಿಳುಪಾಯಿತು. ಹರಿಗೋಲಿನಲ್ಲಿ ಕೆಂಪಮ್ಮ ಇರಲಿಲ್ಲ, ಬೋರಯ್ಯನೂ ಇರಲಿಲ್ಲ. ಅಂಬಿಗನಿಲ್ಲದ ಹರಿಗೋಲು ಬುಗುರಿಯಂತೆ ಸುತ್ತುತ್ತಿತ್ತು. ಬೋಟು ತಿರುಗಿಸಿ ಧಾವಿಸಿದರೆ ನೀರಿನಿಂದ ಬೋರಯ್ಯನ ತಲೆ ಎದ್ದಿತು. ಸಹಾಯಕ್ಕೆ ಕೂಗಲಿಲ್ಲ ಅವನು. ‘ಎಂಜಿನ್ ಬ್ಯಾಡಾ! ಎಂಜಿನ್ ಬ್ಯಾಡಾ!’ ಎಂದು ಕೂಗಿದ. ದೊಡ್ಡಪ್ಪ ಎಂಜಿನ್ ನಿಲ್ಲಿಸಿ, ಕೂರುವ ಹಲಗೆಯನ್ನೇ ಕಿತ್ತು ಹುಟ್ಟು ಹಾಕಿದರು. ಮೌನದಲ್ಲಿ ಹಲಗೆಯ ಸದ್ದು, ಹೆಂಗಸರ ಅಳು. ಬೋರಯ್ಯ ಕೆಂಪಮ್ಮನ ಸೆರಗು ಹಿಡಿದಿದ್ದ. ಎಲ್ಲರೂ ಸೇರಿ ಆಕೆಯನ್ನು ದಡಕ್ಕೆ ತಂದರು.

ಕೆಂಪಮ್ಮ ನೀರು ಕಕ್ಕಿ, ಉಸಿರು ತಂದುಕೊಂಡು, ಮೊದಲು ಆಡಿದ ಮಾತು ಇದು: ‘ತಪ್ಪಾತು ಸುಬೇದಾರಪ್ಪಾ. ನೀವು ಬತ್ತಿದ್ರಿ, ಕುಂತೇ ಇದ್ರೆ ಹೆಂಗೆ ಅಂತ ಎದ್ದೆ. ಮುದುಕಿ, ನಿಲ್ಲಾಕೆ ಆಗ್ಲಿಲ್ಲ.’

ಬಿದ್ದವಳೇ ಕ್ಷಮೆ ಕೇಳುತ್ತಿದ್ದಳು. ದೊಡ್ಡಪ್ಪ ಕೋಟು ಬಿಚ್ಚಿ ಆಕೆಗೆ ಹೊದಿಸಿದರು. ಮನೆಯವರೆಗೆ ಬೋಟನ್ನು ಹಗ್ಗ ಕಟ್ಟಿ ದಡದ ಮೇಲಿಂದ ಎಮ್ಮೆ ಎಳೆದಂತೆ ಎಳೆದುಕೊಂಡು ಹೋದರು. ನಾನು ಹಿಂದೆ ನಡೆದೆ. ರಿಬ್ಬನ್ನನ್ನು ಯಾವಾಗ ಬಿಚ್ಚಿ ಜೇಬಿಗೆ ಹಾಕಿದೆನೋ ತಿಳಿಯದು.

ಬೋಟು ಮಾರುತ್ತಾರೆಂದು ದೊಡ್ಡಮ್ಮ ಮೂರು ದಿನ ಸಂಭ್ರಮಪಟ್ಟರು. ಮಾರಲಿಲ್ಲ. ಆದರೆ ಆಮೇಲಿನ ಸಂತೆಯ ದಿನ, ಕಡವು ಇನ್ನೂ ದೂರವಿರುವಾಗಲೇ, ಎಂಜಿನ್ ನಿಂತಿತು. ದೊಡ್ಡಪ್ಪ ಬೋಟಿನಲ್ಲಿ ಎದ್ದು ನಿಂತರು, ಹ್ಯಾಟ್ ತೆಗೆದರು. ಹರಿಗೋಲಿನಲ್ಲಿ ಗಾಬರಿ. ‘ಯಾರಾರ ಎದ್ರೋ, ಹುಟ್ಟಲ್ಲೇ ಬಿಡ್ತೀನಿ!’ ಎಂದು ಬೋರಯ್ಯ ಗದರಿದ. ಕೆಂಪಮ್ಮ ಸೆರಗು ಮುಖಕ್ಕೆಳೆದು, ಕೂತೇ, ಕಳ್ಳತನ ಮಾಡುವವಳಂತೆ ಕೈ ಮುಗಿದಳು. ‘ಲೇ ಬೋರ, ಕುಂತ್ಕಂಡ್ ಕೈ ಮುಗುದ್ರೆ ಮುಟ್ತದೇನ್ಲಾ?’ ‘ಮುಟ್ತದೆ ಸುಮ್ಕಿರವ್ವ, ನೀರು ಮುಟ್ತಿತ್ತು, ಇದು ಮುಟ್ಟಲ್ವಾ?’

ಹರಿಗೋಲು ದಡ ಸೇರುವವರೆಗೆ ಎಂಜಿನ್ ಮುಟ್ಟಬಾರದು. ಇದು ದೊಡ್ಡಪ್ಪ ತಮಗೆ ತಾವೇ ಹಾಕಿಕೊಂಡ ಆರ್ಡರ್. ಮಿಲಿಟರಿಯವರ ಆರ್ಡರಿಗೆ ಎಕ್ಸೆಪ್ಷನ್ ಇರುವುದಿಲ್ಲ.

ನನಗೂ ಆ ಬುದ್ಧಿ ಸ್ವಲ್ಪ ಬರಬಹುದಿತ್ತು. ನಾನು ಮಾತಿನಲ್ಲಿ ಸ್ಪೀಡು. ಚುರುಕಾಗಿ ಒಂದು ಮಾತು ಎಸೆದು, ಯಾರಿಗೂ ತಾಗಲಿಲ್ಲವೆಂದು ಮುಂದೆ ಹೋಗಿಬಿಟ್ಟಿರುತ್ತೇನೆ. ಹಿಂದೆ ಸೊಸೆಯ ಮುಖ ಸಣ್ಣಗಾಗಿರುವುದು ಒಂದು ತಿರುವು ದಾಟಿದ ಮೇಲೆ ನೆನಪಾಗುತ್ತದೆ. ಆಗ ಹಿಂದಕ್ಕೆ ಧಾವಿಸಿ ಸಮಾಧಾನ ಮಾಡಹೋದರೆ ಇನ್ನೊಂದು ಅಲೆ. ಈಗೀಗ ಹಲಗೆಯಲ್ಲಿ ಹುಟ್ಟು ಹಾಕುವುದನ್ನು ಕಲಿಯುತ್ತಿದ್ದೇನೆ: ಎರಡು ಲೋಟ ಕಾಫಿ ಮಾಡಿಕೊಂಡು ಹೋಗಿ ಸುಮ್ಮನೆ ಅವಳ ಪಕ್ಕ ಕೂರುತ್ತೇನೆ.

ಸ್ಕೂಲು ಮುಗಿಸಿ ನಾನು ಮೈಸೂರಿನ ಕಾಲೇಜಿಗೆ ಹೊರಟ ದಿನ ಬಸ್ಸು ಆಚೆ ದಡದಲ್ಲಿತ್ತು. ‘ಗದ್ದೆಗೆ ಹೋಗಿ ಬಂದೆ ಅನ್ನು, ಕಡವಿಗೆ ಬಿಡೋಕೆ ನಾನೇ ಬರ್ತೀನಿ’ ಎಂದು ದೊಡ್ಡಪ್ಪ ಬೆಳಿಗ್ಗೆಯೇ ಹೋಗಿದ್ದರು. ತಡವಾಯಿತು. ಆಚೆ ಬಸ್ಸಿನ ಹಾರನ್. ಬೋರಯ್ಯ ನನ್ನ ಟ್ರಂಕನ್ನು ಹರಿಗೋಲಿಗಿಟ್ಟ. ನಡುಹೊಳೆಗೆ ಬಂದಾಗ ಕೆಳಗಿನ ತಿರುವಿನಲ್ಲಿ ಆ ಸದ್ದು ಕೇಳಿತು. ಎದುರು ನೀರಿನಲ್ಲಿ ಬೋಟು ಹಾರಿ ಬರುತ್ತಿತ್ತು. ಇನ್ನೆರಡು ನಿಮಿಷ ಬಂದಿದ್ದರೆ ನಮ್ಮನ್ನು ಮುಟ್ಟುತ್ತಿತ್ತು.

ಎಂಜಿನ್ ನಿಂತಿತು.

ದೊಡ್ಡಪ್ಪ ಎದ್ದು ನಿಂತು ಹ್ಯಾಟ್ ತೆಗೆದರು. ನನ್ನ ಮೊಣಕಾಲು ತಾನಾಗಿ ಏಳಹೊರಟಿತು. ‘ಕುಂತ್ಕಳಿ ಅಮ್ಮಣ್ಣಿ’ ಎಂದ ಬೋರಯ್ಯ, ಮೆಲ್ಲಗೆ. ಕೂತೆ. ಹೊಳೆ ಬೋಟನ್ನು ಹಿಂದಕ್ಕೆ ಒಯ್ಯತೊಡಗಿತು. ನಾವು ದಡದ ಕಡೆಗೆ, ಅವರು ತಿರುವಿನ ಕಡೆಗೆ. ಎತ್ತಿದ ಹ್ಯಾಟ್ ಇಳಿಯಲಿಲ್ಲ. ನಾನು ಟ್ರಂಕಿನ ಪಕ್ಕ ಕೂತೇ ಎರಡೂ ಕೈ ಬೀಸಿದೆ, ಈ ಸಲ ಚೆನ್ನಾಗಿ ನೋಡಿಕೊಂಡು. ಹರಿಗೋಲು ಒಂದಿಷ್ಟೂ ಅಲುಗಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ, ದೂರದಲ್ಲಿ ಮೂರು ಕೆಮ್ಮು ಕೇಳಿಸಿತು.

ಕ್ರಿಸ್ಮಸ್ ರಜೆಗೆ ನಾನು ಮರಳುವಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ, ಎಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿತ್ತು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ: ಹೊಳೆಯ ನಡುವೆ ಅವರು ನಿಂತಿದ್ದರು, ನಾನು ಕೂತಿದ್ದೆ.