ತಟ್ಟೆ ಎಸೆಯಲು ತಕ್ಕ ಜಾಗಗಳು

ನಾನು ಬಿ.ಎ. ಆಗುವುದು ಈ ಜನ್ಮದಲ್ಲಿ ನಡೆಯುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ದೂಮಪ್ಪ. ಕೋಪದಿಂದ ಹೇಳಿದ್ದಲ್ಲ. ಇವತ್ತು ಮಳೆ ಬರುವ ಹಾಗೆ ಕಾಣುವುದಿಲ್ಲ ಎನ್ನುವಾಗ ಇರುತ್ತದಲ್ಲ, ಆ ಸ್ವರದಲ್ಲಿ, ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸುತ್ತ ಹೇಳಿದ್ದು. ನಮ್ಮದು ತುಳು ಮಾತಾಡುವ ಮನೆ. ನಮ್ಮಲ್ಲಿ ಮನೆತನ ಇಳಿಯುವುದು ತಾಯಿಯ ಕಡೆಯಿಂದ. ಹಾಗಾಗಿ ಅಪ್ಪ ಗದರಿಸಿದರೆ ಗಾಳಿ ಬೀಸಿದ ಹಾಗೆ, ಮಾವ ಮೆಲ್ಲಗೆ ಹೇಳಿದರೂ ಕಲ್ಲು ಬಿದ್ದ ಹಾಗೆ. ಅದೂ ಅವರು ಪುತ್ತಿಗೆಯ ಕಡೆ ಮನೆ ಕಟ್ಟುವ ಕೆಂಪು ಮುರಕಲ್ಲು ಕಡಿಯುವ ಮನುಷ್ಯ. ಎರಡನೆಯದಾಗಿ ಆ ಮಾತು ಹೇಳಿದವನು ನಾನೇ. ಆದರೆ ನಾನು ಹೇಳಿದ್ದು ಪರೀಕ್ಷೆಯ ಹಾಲಿನಲ್ಲಿ, ಪಕ್ಕದ ಬೆಂಚಿಗೂ ಕೇಳಿಸದ ಹಾಗೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ ಹೋದ ವಾರ ನನ್ನ ಹಳೆಯ ಜೊತೆಗಾರ ಲಾರೆನ್ಸ್ ಗಲ್ಫಿನಿಂದ ಫೋನು ಮಾಡಿದ. ಅಲ್ಲಿ ಅವನ ಕೋಣೆಯ ಟಿ.ವಿ.ಯಲ್ಲಿ ಒಂದು ಆಟ ತೋರಿಸಿದರಂತೆ. ದೊಡ್ಡ ದೊಡ್ಡ ಜನ, ತಲೆಗೆ ಟೊಪ್ಪಿ, ಕೈಯಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ. ದೂರದಲ್ಲಿ ಕಬ್ಬಿಣದ ಬುಟ್ಟಿ. ತಟ್ಟೆಯನ್ನು ಎಸೆದು, ಬಿದ್ದಲ್ಲಿಗೆ ನಡೆದು, ಅಲ್ಲಿಂದ ಮತ್ತೆ ಎಸೆದು ಬುಟ್ಟಿಗೆ ಹಾಕಬೇಕು. ಡಿಸ್ಕ್ ಗಾಲ್ಫ್ ಎಂದು ಹೆಸರು. ಅದನ್ನು ಆಡಲೆಂದೇ ಕೆಲವರು ಊರೂರು ತಿರುಗಿ, ಈ ಬಯಲು ಒಂದನೆಯದು, ಆ ಗುಡ್ಡ ಎರಡನೆಯದು ಎಂದು ಕ್ರಮ ಹಾಕುತ್ತಾರಂತೆ. "ನಾವು ಬ್ರೆಡ್ಡಿನ ವ್ಯಾನಿನಲ್ಲಿ ತಿರುಗಿ ಮಾಡಿದ್ದು ಇದೇ ಅಲ್ವಾ ಮಾರಾಯ" ಎಂದ ಲಾರೆನ್ಸ್. ನಾನು ಹೌದು ಎಂದೆ. ಒಂದು ನಿಟ್ಟುಸಿರೂ ಬಂತು. ಲೋಕದಲ್ಲಿ ಬೇರೆ ಯಾರನ್ನೂ ನೋಡಿ ಕಲಿಯದೆ ನಾನು ಮಾಡಿದ ಕೆಲಸ ಅದೊಂದೇ. ಅದಕ್ಕೂ ಬೇರೆಯವರು ಹೆಸರಿಟ್ಟು ಬುಟ್ಟಿ ಕಟ್ಟಿ ಮುಗಿಸಿದ್ದಾರೆ.

ಆಗ ನಾನು ಹೊಸಂಗಡಿಯ ಒಂದು ಬೇಕರಿಯಲ್ಲಿ ಅಂಗಡಿಗಳಿಗೆ ಮಾಲು ತಲುಪಿಸುವ ಲೈನ್‌ಸೇಲಿನವನು. ಬಿ.ಎ.ಗೆ ಮೊದಲಿನ ಪ್ರೀಡಿಗ್ರಿ ಹೇಗೋ ಮುಗಿದಿತ್ತು. ಅಮ್ಮ ಬೀಡಿ ಕಟ್ಟಿ ಅಷ್ಟರವರೆಗೆ ಎಳೆದುಕೊಂಡು ಬಂದಿದ್ದಳು. ಅವಳ ಬೆರಳು ಇನ್ನು ಆಗುವುದಿಲ್ಲ ಎಂದಿತು. ಬೇಕರಿಯ ಕೆಲಸ ಹಿಡಿಸಿಕೊಟ್ಟವರು ಮಾವನೇ. ನಾನು ಬಿ.ಎ.ಗೆ ಪ್ರೈವೇಟಾಗಿ ಕಟ್ಟುತ್ತೇನೆ ಎಂದು ಹೇಳಿದ ದಿನವೇ ಅವರು ಮೇಲೆ ಹೇಳಿದ ಆ ಮಾತು ಹೇಳಿದ್ದು. ಬ್ರೆಡ್ಡು, ಬನ್ನು, ರಸ್ಕು ತುಂಬಿದ ವ್ಯಾನಿನಲ್ಲಿ ಬೆಳಿಗ್ಗೆ ಹೊರಟು, ಮೀಂಜದ ಒಳರಸ್ತೆಗಳನ್ನು ಸುತ್ತಿ, ಪುತ್ತಿಗೆಗೆ ಇಳಿದು, ಸಂಜೆಗೆ ವಾಪಸು. ಓಡಿಸುವವನು ಲಾರೆನ್ಸ್, ಇಳಿದು ಕೊಡುವವನು ನಾನು. ಓದು ಎಂದರೆ ಒಂದು ಅಂಗಡಿಗೂ ಇನ್ನೊಂದು ಅಂಗಡಿಗೂ ನಡುವೆ, ಮೊಣಕಾಲಿನ ಮೇಲೆ ಪುಸ್ತಕ. ರಸ್ತೆಯ ಹೊಂಡದಿಂದಾಗಿ ಮೊಘಲರ ಎಷ್ಟೋ ಸಾಲು ನನ್ನ ಕಣ್ಣಿಗೆ ಬೀಳದೆಯೇ ಹಾರಿ ಹೋಗಿದೆ. ಅಂಗಡಿಯವರಿಗೆಲ್ಲ ನಾನು ಬ್ರೆಡ್ಡಿನವನು. ಬ್ರೆಡ್ಡಿನವನಾಗಿಯೇ ತಲೆ ಹಣ್ಣಾಗುವ ಮೊದಲು ಬಿ.ಎ. ಆಗಬೇಕು, ನನಗೆ ಆಗ ಇದ್ದದ್ದು ಅದೊಂದೇ ಹಟ. ಹಟಕ್ಕೆ ಕೂಡ ನಿದ್ದೆ ಬರುತ್ತದೆ ಎಂದು ಆ ವರ್ಷಗಳಲ್ಲಿ ತಿಳಿಯಿತು.

ಮಧ್ಯಾಹ್ನ ಉಂಡ ಮೇಲೆ ನಮ್ಮ ಕಡೆಯ ಅಂಗಡಿಯವರು ಹಲಗೆ ಹಾಕಿ ಮಲಗುತ್ತಾರೆ. ಅವರು ಏಳುವ ತನಕ ನಮಗೆ ಮಾಡಲು ಕೆಲಸ ಇಲ್ಲ, ಹೋಗಲು ಜಾಗ ಇಲ್ಲ. ಆ ಹೊತ್ತಿಗೆಂದೇ ತಂದ ಹಾಗೆ, ಲಾರೆನ್ಸನ ಅಣ್ಣನ ಕೈಯಲ್ಲಿ ಗಲ್ಫಿನಿಂದ ಒಂದು ನೀಲಿ ಪ್ಲಾಸ್ಟಿಕ್ಕಿನ ತಟ್ಟೆ ಬಂತು. ಮೇಲೆ ಅರಬಿ ಅಕ್ಷರ, ನಡುವೆ ಒಂದು ಒಂಟೆ. ಮೊದಮೊದಲು ಒಬ್ಬರಿಗೊಬ್ಬರು ಎಸೆದೆವು. ಹಿಡಿಯಲು ಓಡಬೇಕು, ಓಡಿದರೆ ಉಂಡ ಅನ್ನ ಕುಲುಕುತ್ತದೆ. ಹಾಗಾಗಿ ಒಂದು ಮರವನ್ನೋ ಕಲ್ಲನ್ನೋ ಗುರಿ ಮಾಡಿ, ಯಾರು ಕಡಿಮೆ ಎಸೆತದಲ್ಲಿ ತಾಗಿಸುತ್ತಾರೆ ಎಂದು ನೋಡುವುದು. ಓಟ ತಪ್ಪಿತು, ನಡಿಗೆ ಉಳಿಯಿತು.

ನಮ್ಮ ಕಥೆಗಳಲ್ಲಿ ಬರುವ ವಿಷ್ಣುವಿನ ಚಕ್ರ ಎಸೆದ ಮೇಲೆ ತಾನಾಗಿ ಬೆರಳಿಗೆ ಹಿಂದೆ ಬರುತ್ತದೆ. ಅದರ ಅರ್ಥ ನನಗೆ ಹೊಳೆದದ್ದು ಆ ಬಿಸಿಲಿನಲ್ಲಿ. ದೇವರು ಎಂದರೆ ಎಸೆದದ್ದನ್ನು ಹೆಕ್ಕಲು ನಡೆಯಬೇಕಾಗಿಲ್ಲದವನು. ನಮ್ಮಂಥವರು ನಡೆಯಬೇಕು. ಪರೀಕ್ಷೆಗೆ ಅರ್ಜಿ ಹಾಕಿದವನು ಅದು ಎಲ್ಲಿ ಬಿತ್ತು ಎಂದು ಹುಡುಕುತ್ತ ಕಾಸರಗೋಡಿಗೆ ಹೋಗಬೇಕು; ಅಲ್ಲಿಯ ಗುಮಾಸ್ತ ಮಲಯಾಳದಲ್ಲಿ ನಾಳೆ ಬಾ ಎಂದರೆ, ಅದು ನಮಗೆ ಕನ್ನಡದಲ್ಲಿ ಹೇಳಿದಷ್ಟೇ ಚೆನ್ನಾಗಿ ಅರ್ಥವಾಗುತ್ತದೆ.

ಜಾಗಗಳಿಗೆ ಕ್ರಮ ಹಾಕುವ ಚಟ ನನ್ನದು. ನೆರಳು, ಗಾಳಿ, ಕುಡಿಯುವ ನೀರು, ನಾಯಿ, ಮತ್ತೆ ಎಂತ ಮಾಡ್ತೀರಿ ಎಂದು ಕೇಳುವವರ ಸಂಖ್ಯೆ, ಎಲ್ಲ ನೋಡಿ ಅಂಕ ಕೊಡುತ್ತಿದ್ದೆ. ಅಂಕದಲ್ಲಿ ನಾನು ಬಹಳ ಬಿಗಿ. ನನಗೆ ಯಾರೂ ಸಡಿಲ ಬಿಟ್ಟವರಲ್ಲವಲ್ಲ. ಕಡಲ ಕರೆಗೆ ಕೊನೆಯ ಸ್ಥಾನ. ನೋಡಲು ವಿಶಾಲ, ಆದರೆ ಅಲ್ಲಿ ತಟ್ಟೆ ಎಸೆಯುವವನು ನೀನಲ್ಲ, ಗಾಳಿ. ಒಂದು ಇಗರ್ಜಿಯ ಹಿಂದಿನ ಗುಡ್ಡ ಬಹಳ ಮೇಲಿನ ಸ್ಥಾನದಲ್ಲಿತ್ತು. ಒಂದು ದಿನ ಪಾದ್ರಿಗಳು ಬಂದು, ನೋಡುವ, ನಾನೂ ಒಂದು ಎಸೆಯುತ್ತೇನೆ ಎಂದು ಎಸೆದರು. ತಟ್ಟೆ ತೆಂಗಿನ ಗರಿಯಲ್ಲಿ ಕೂತಿತು. ಅದನ್ನು ಇಳಿಸುವಾಗ ಸಂಜೆಯಾಯಿತು. ಆಮೇಲೆ ಪಾದ್ರಿಗಳು ಇಲ್ಲಿ ಆಟ ಬೇಡ ಎಂದರು. ಮೀಂಜದ ಗಡಿಯ ಗೇರುಗುಡ್ಡಕ್ಕೆ ಎರಡನೆಯ ಸ್ಥಾನ. ಅಲ್ಲಿ ಜೋರಾಗಿ ಎಸೆದರೆ ತಟ್ಟೆ ಕರ್ನಾಟಕದಲ್ಲಿ ಬೀಳುತ್ತದೆ. ಬ್ರೆಡ್ಡು ಮಾರಲು ನಮಗೆ ಆಚೆ ಹಕ್ಕಿಲ್ಲ, ತಟ್ಟೆ ಹೆಕ್ಕಲು ಯಾರೂ ಅಡ್ಡಿ ಮಾಡಲಿಲ್ಲ. ತೋಟದ ಯಜಮಾನರು ಮಾತ್ರ ನಾವು ಸರಕಾರದ ವತಿಯಿಂದ ಗಡಿ ಅಳೆಯುವವರು ಎಂದುಕೊಂಡು ಒಮ್ಮೆ ಮಜ್ಜಿಗೆ ಕೊಟ್ಟರು, ನಿಜ ತಿಳಿದ ಮೇಲೆ ನಾಯಿ ಬಿಟ್ಟರು.

ಮೊದಲ ಸ್ಥಾನ ಪುತ್ತಿಗೆಯ ಪದವಿಗೆ, ಅದರಲ್ಲಿ ಲಾರೆನ್ಸನಿಗೂ ನನಗೂ ಭಿನ್ನಾಭಿಪ್ರಾಯ ಇರಲಿಲ್ಲ. ಪದವು ಎಂದರೆ ಗುಡ್ಡದ ತಲೆಯನ್ನು ತಟ್ಟಿ ಚಪ್ಪಟೆ ಮಾಡಿದಂಥ ಮುರಕಲ್ಲಿನ ಬಯಲು. ರಸ್ತೆಯ ಬದಿಯಲ್ಲಿ ಅಂದುಂಞಿ ಬ್ಯಾರಿಯವರ ಗೂಡಂಗಡಿ, ಬೇಡವೆಂದರೂ ನೀರು ಕೊಡುವವರು. ಆಚೆ ಬದಿಯ ಇಳಿಜಾರಿನಲ್ಲಿ ಮಾವನ ಮನೆ. ನಡುವೆ ಒಂದು ಕಾಸರಕನ ಮರ. ನಮ್ಮ ಕಾಸರಗೋಡಿಗೆ ಆ ಹೆಸರು ಈ ಮರದಿಂದಲೇ ಬಂತು ಎನ್ನುವವರಿದ್ದಾರೆ. ವಿಷದಷ್ಟು ಕಹಿಯಾದ ಮರ, ಆದರೆ ನೆರಳು ಸಿಹಿ. ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ಕರಿಕಲ್ಲು, ನಮ್ಮ ತಟ್ಟೆ ಬರಲೆಂದೇ ಎಷ್ಟೋ ಕಾಲದಿಂದ ಕಾದು ನಿಂತ ಹಾಗೆ. ತಾಗಿದರೆ ಟಕ್ ಎಂದು ಎಂಥ ಚಂದದ ಶಬ್ದ. ಒಂದು ಬೇಸಗೆ ಪೂರ್ತಿ ಆ ಶಬ್ದ ಕೇಳಿ ದಣಿವು ಮರೆತೆವು.

ಒಂದು ದಿನ ಅಂದುಂಞಿ ಬ್ಯಾರಿಯವರು ನಿದ್ದೆಯಿಂದ ಬೇಗ ಎದ್ದು, ಮುಂಡು ಎತ್ತಿ ಕಟ್ಟುತ್ತ ಬಯಲಿಗೆ ಬಂದರು. ಕಲ್ಲನ್ನು ನೋಡಿದರು, ತಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು.

"ನೀನು ಎಂತ ಜನ ಮಾರಾಯ? ಅದು ನಿಮ್ಮ ಗುಳಿಗ ಅಲ್ವಾ?"

ಗುಳಿಗ ಎಂದರೆ ಜಾಗ ಕಾಯುವ ಭೂತ. ಅವನಿಗೆ ಗುಡಿ ಬೇಡ, ತಲೆಯ ಮೇಲೊಂದು ಮಾಡು ಬೇಡ. ಮರದ ಬುಡದಲ್ಲಿ ಒಂದು ಕಲ್ಲು ನೆಟ್ಟರೆ ಅದೇ ಅವನು. ತುಳುವರ ಮನೆಯಲ್ಲಿ ಹುಟ್ಟಿದ ನಾನು, ಅದೂ ಬಿ.ಎ.ಗೆ ಚರಿತ್ರೆ ತೆಗೆದುಕೊಂಡು ಆ ವಾರವೇ ಶಿಲಾಯುಗದ ಪಾಠ ಓದುತ್ತಿದ್ದವನು, ಕಣ್ಣ ಮುಂದಿನ ಕಲ್ಲನ್ನು ಗುರುತಿಸಲಿಲ್ಲ. ಲಾರೆನ್ಸ್ ಕೂಡಲೇ ಕೈ ತೊಳೆದುಕೊಂಡ. "ನಾನು ಇಗರ್ಜಿಗೆ ಹೋಗುವವ, ನನಗೆ ಹೇಗೆ ಗೊತ್ತಾಗ್ಬೇಕು? ಇವನಿಗೆ ಗೊತ್ತುಂಟು ಅಂತ ನಾನು ಇವನನ್ನು ನಂಬಿದ್ದು" ಎಂದ. ಆಮೇಲೆ ಅವನೇ ಮೊದಲು ಕಲ್ಲಿಗೆ ಕೈ ಮುಗಿದು, ಮೇಲೊಂದು ಶಿಲುಬೆಯನ್ನೂ ಎಳೆದುಕೊಂಡ.

ಸುದ್ದಿ ನಮ್ಮ ವ್ಯಾನಿಗಿಂತ ವೇಗವಾಗಿ ಪದವು ದಾಟಿತು. ಮಾವ ಬೈಯಲಿಲ್ಲ. ಒಂದು ಸೀಯಾಳ ಕೆತ್ತಿ ಕೈಗೆ ಕೊಟ್ಟು, ಕಲ್ಲಿನ ಮುಂದೆ ಇದನ್ನು ಇಟ್ಟು, ತಪ್ಪಾಯಿತು ಎನ್ನು, ಎಂದರು. ಇಟ್ಟೆ, ತಪ್ಪಾಯಿತು ಎಂದೆ. ಅಂದಿನಿಂದ ಗುರಿಯನ್ನು ದೂರದ ಒಂದು ಗೇರುಮರಕ್ಕೆ ಬದಲಿಸಿದೆವು. ಗೇರುಮರಕ್ಕೆ ತಾಗಿದರೆ ಶಬ್ದವೇ ಇಲ್ಲ. ಆ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಇಂಗ್ಲಿಷು ಗುಳಿಗನ ಖಾತೆಯಲ್ಲ ಎಂದು ನನಗೆ ಗೊತ್ತಿತ್ತು. ಮಾವನಿಗೆ ಹಾಗಿರಲಿಲ್ಲ.

"ಗುಳಿಗನಿಗೆ ಪ್ಲಾಸ್ಟಿಕ್ಕಿನಲ್ಲಿ ಹೊಡೆದವನಿಗೆ ಇಂಗ್ಲಿಷು ಬರ್ತದಾ? ಆಗ್ಲಿಕ್ಕಿಲ್ಲ ಅಂತ ನಾನು ಮೊದಲೇ ಹೇಳಿದ್ದೆ."

ಮರುವರ್ಷ ಲಾರೆನ್ಸ್ ಅಣ್ಣನ ಹಿಂದೆ ಗಲ್ಫಿಗೆ ಹೋದ. ಹೋಗುವಾಗ ತಟ್ಟೆಯನ್ನು ನನ್ನ ಕೈಯಲ್ಲಿಟ್ಟು, ಅಲ್ಲಿ ಬೇಕಾದಷ್ಟು ಉಂಟಂತೆ ಎಂದ. ಅವನ ಜಾಗಕ್ಕೆ ಬಂದ ಡ್ರೈವರು ಪ್ರಾಯ ಸಂದವರು, ಹೆಗಲ ಬೈರಾಸನ್ನು ಮುಖಕ್ಕೆ ಹೊದ್ದು ಸೀಟಿನಲ್ಲೇ ಮಲಗುವವರು. ಅವರನ್ನು ದೂರಲಾರೆ. ನಾನು ಒಬ್ಬನೇ ಎಸೆದೆ, ಒಬ್ಬನೇ ನಡೆದೆ, ಹೆಕ್ಕಿ ಮತ್ತೆ ಎಸೆದೆ. ಒಬ್ಬನೇ ಆಡುವ ಆಟದಲ್ಲಿ ಸೋಲುವ ಭಯ ಇಲ್ಲ ಎನ್ನುತ್ತಾರೆ. ಆಡಿ ನೋಡದವರ ಮಾತು ಅದು. ಮನೆಯಲ್ಲಿ ಓದಿದವರು ಇದ್ದರೆ, ಇಲ್ಲಿ ತಪ್ಪಿತು, ಕೈಯನ್ನು ಹೀಗೆ ತಿರುಗಿಸು ಎನ್ನುತ್ತಾರೆ. ನಮ್ಮಲ್ಲಿ ಅಮ್ಮ, ಮುಗಿಯಿತಾ ಮಗ, ಎಂದು ಮಾತ್ರ ಕೇಳುವಳು. ಓದಿ ಮುಗಿಯಿತಾ ಎಂದೋ, ನಾನೇ ಮುಗಿದೆನಾ ಎಂದೋ ಅವಳಿಗೂ ಸ್ಪಷ್ಟ ಇರಲಿಲ್ಲ.

ಇಂಗ್ಲಿಷು ಇನ್ನೊಮ್ಮೆಯೂ ಹೋಯಿತು. ಆಮೇಲಾಮೇಲೆ ನಾನು ತಟ್ಟೆಯನ್ನು ಎಸೆಯುವುದಕ್ಕಿಂತ ಅದರ ಮೇಲೆ ಕೂತು ಓದಿದ್ದೇ ಹೆಚ್ಚು. ಮುರಕಲ್ಲು ಬಿಸಿಲಿಗೆ ಕಾದರೆ ಬರೀ ಮುಂಡು ಸಾಲುವುದಿಲ್ಲ. ಕಾಸರಕನ ನೆರಳು ಬಿಟ್ಟರೆ ಬಯಲಿನಲ್ಲಿ ಬೇರೆ ನೆರಳೂ ಇಲ್ಲ. ಗುಳಿಗನಿಗೆ ಬೆನ್ನು ಹಾಕದೆ, ಒಂದು ಬದಿಯಲ್ಲಿ ಕೂರುತ್ತಿದ್ದೆ. ಆಗ ಒಂದು ಹೊಸ ತೊಂದರೆ ಶುರುವಾಯಿತು. ಪರೀಕ್ಷೆ ಹತ್ತಿರ ಬಂದು, ನನಗೆ ಆ ನೆರಳು ತೀರಾ ಬೇಕಾದ ದಿನಗಳಲ್ಲೇ ಯಾರೋ ಅಲ್ಲಿ ಸೀಯಾಳ ಇಟ್ಟು ಹೋಗಿರುತ್ತಿದ್ದರು. ಹಳೆಯದು ಒಣಗಿ ಕಪ್ಪಾಗಿ ಉರುಳಿರುತ್ತದೆ, ಪಕ್ಕದಲ್ಲಿ ಹೊಸದು, ಅದಕ್ಕೆ ಇರುವೆಯ ಸಾಲು, ಆ ಸಾಲಿನ ದಾರಿ ಸರಿಯಾಗಿ ನನ್ನ ಪುಸ್ತಕದ ಮೇಲಿನಿಂದ. ಅಂದುಂಞಿ ಬ್ಯಾರಿಯವರಲ್ಲಿ ಇದು ಯಾರ ಕೆಲಸ ಎಂದು ವಿಚಾರಿಸಿದೆ. ಅವರು ಸೋಡಾದ ಬಾಟಲಿ ಒರೆಸುತ್ತ, ಇಡುವವರು ಇಡುತ್ತಾರೆ, ನೀನು ಓದುವುದು ನೋಡು ಎಂದರು. ಭಕ್ತಿ ಇರಲಿ, ಜಾಗ ಚೊಕ್ಕ ಇಡಬೇಡವೇ? ನಾನು ಪುತ್ತಿಗೆಯ ಪದವಿಗೆ ಅಂಕ ಕಡಿದು, ಮೀಂಜದ ಗೇರುಗುಡ್ಡಕ್ಕಿಂತ ಕೆಳಗೆ ಇಳಿಸಿದೆ. ನಾಯಿ ಇದ್ದರೂ ಅಲ್ಲಿ ಇರುವೆ ಇರಲಿಲ್ಲ.

ಕೊನೆಗೆ ನಾನು ಪಾಸಾದೆ. ದೊಡ್ಡ ಮಾರ್ಕೇನೂ ಅಲ್ಲ, ಗೆರೆಯನ್ನು ಮುಟ್ಟಿ ದಾಟಿದಷ್ಟು. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಆದರೆ ಫಲಿತಾಂಶ ಬಂದ ದಿನ ಹಾರಿ ಕುಣಿಯುವಷ್ಟು ಶಕ್ತಿ ಉಳಿದಿರಲಿಲ್ಲ. ಬೇಕಾದದ್ದು ಸಿಕ್ಕಿದ ಕೂಡಲೇ ಒಮ್ಮೆ ಮಲಗಬೇಕು ಎಂದು ಮಾತ್ರ ಕಂಡಿತು. ಮಲಗಿದೆ.

ಸರ್ಟಿಫಿಕೇಟು ತಿಂಗಳುಗಳು ಕಳೆದ ಮೇಲೆ ರಿಜಿಸ್ಟರ್ಡ್ ಟಪಾಲಿನಲ್ಲಿ ಬೇಕರಿಯ ವಿಳಾಸಕ್ಕೆ ಬಂತು. ಮಡಚಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು, ಬ್ರೆಡ್ಡಿನ ಕಾಗದದಲ್ಲಿ ಸುತ್ತಿ, ವ್ಯಾನಿನಲ್ಲಿ ಬನ್ನುಗಳ ಮೇಲೆ ಇರಿಸಿ ಪುತ್ತಿಗೆಗೆ ತಂದೆ. ಅಮ್ಮನಿಗೆ ಮೊದಲೇ ತೋರಿಸಿದ್ದೆ. ಅವಳು, ಅದನ್ನು ಮಾವನ ಕೈಗೆ ಕೊಟ್ಟು ಬಾ ಎಂದಿದ್ದಳು. ಅದು ನಮ್ಮ ಕ್ರಮ. ನನ್ನ ಮನಸ್ಸಿನಲ್ಲಿ ಇದ್ದದ್ದು ಕ್ರಮ ಮಾತ್ರ ಅಲ್ಲ, ಸ್ವಲ್ಪ ಖಾರವೂ ಇತ್ತು. ಅಷ್ಟು ವರ್ಷ ಆ ಮಾತನ್ನು ಹೊತ್ತುಕೊಂಡು ತಿರುಗಿದ್ದೆ, ಹೇಳಿದವರ ಮುಂದೆಯೇ ಇಳಿಸಬೇಕಿತ್ತು.

ಮನೆಯಲ್ಲಿ ಮಾವ ಇರಲಿಲ್ಲ, ಪದವಿನ ಕಡೆಗೆ ಹೋದರು ಎಂದು ಅತ್ತೆ ಹೇಳಿದರು. ಹೋದರೆ, ಕಾಸರಕನ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದಾರೆ. ಕೈಯಲ್ಲಿ ಕತ್ತಿ. ಕಲ್ಲಿನ ಮುಂದೆ ಆಗಷ್ಟೇ ಕೆತ್ತಿದ ಸೀಯಾಳ. ಪಕ್ಕದಲ್ಲಿ ಹಳೆಯ, ಒಣಗಿದ ಸೀಯಾಳಗಳನ್ನು ಹೆಕ್ಕಿ ಒಂದು ಬುಟ್ಟಿಗೆ ತುಂಬಿಸಿ ಇಟ್ಟಿದ್ದರು. ನಾನು ಬುಟ್ಟಿಯನ್ನು ನೋಡಿದೆ. ಜಾಗಕ್ಕೆ ಕಡಿದ ಅಂಕವನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಹಿಂದೆ ಕೊಟ್ಟೆ.

ಸರ್ಟಿಫಿಕೇಟನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಬೈರಾಸಿನಲ್ಲಿ ಬೆರಳುಗಳನ್ನು ಒರೆಸಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು, ಬಹಳ ಹೊತ್ತು ನೋಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ಸರಿಮಾಡಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದೆ:

"ಆಗ್ಲಿಕ್ಕಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ ಮಾವ?"

ಅವರು ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದರು. ಗಲ್ಲದಿಂದ ಕಲ್ಲಿನ ಕಡೆ ತೋರಿಸಿದರು.

"ನಿನ್ನ ಹತ್ರ ಹಾಗೆ ಹೇಳಿದ್ದು. ಇವನ ಹತ್ರ ಬೇರೆ ಹೇಳಿದ್ದೆ."