ಖುರ್ಚಿಯ ಮೇಲೆ ಇಪ್ಪತ್ತು ನಿಮಿಷ

ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಖುರ್ಚಿ ನಾಯಿಯದಾಗಿತ್ತು. ಹೀಗೆ ಹೇಳಿದರೆ ಜನ ನನ್ನನ್ನು ಶ್ರೀಮಂತನೆಂದೋ ಹುಚ್ಚನೆಂದೋ ತಿಳಿಯುತ್ತಾರೆ. ಮೊದಲನೆಯದು ಸುಳ್ಳು.

ಕಾಯಿಲೆಯ ನಾಯಿಗಳನ್ನು ತಂದು, ಒಂದು ಹದಕ್ಕೆ ಬರುವವರೆಗೆ ಇಟ್ಟುಕೊಂಡು, ಆಮೇಲೆ ಯಾರಾದರೂ ಪುಣ್ಯಾತ್ಮರಿಗೆ ದಾಟಿಸುವ ಉಸಾಬರಿಯನ್ನು ಬೆಳಗಾವಿಯಲ್ಲಿ ಆರೇಳು ವರ್ಷಗಳಿಂದ ಮೈಮೇಲೆ ಎಳೆದುಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ನಾಯಿ. ಇದು ಹೆಂಡತಿಯ ಕಾನೂನು. ಎರಡನೆಯ ಕಾನೂನು, ಹೆಸರಿಡುವಂತಿಲ್ಲ. "ಹೆಸರಿಟ್ರ ಅದು ಮನೀದಾಗತೈತಿ. ಆಮ್ಯಾಲೆ ನೀವು ಬಿಡಂಗಿಲ್ಲ, ಅದು ಹೋಗಂಗಿಲ್ಲ."

ಈ ನಾಯಿ ಸಿಕ್ಕಿದ್ದು ಆಟೋ ನಗರದಲ್ಲಿ, ಲಾರಿ ಬಾಡಿ ಕಟ್ಟುವ ಶೆಡ್ಡೊಂದರ ಹಿಂದೆ. ಬರೀ ಎಲುಬಿನ ಗೂಡು. ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. ಗ್ರೀಸ್ ನೆಕ್ಕಿರಬೇಕು ಎಂದರು ಅಲ್ಲಿಯವರು. ಡಾಕ್ಟರು ಎಕ್ಸ್‌ರೇ ನೋಡಿ ಬೇರೆಯೇ ಹೇಳಿದರು: ಅನ್ನನಾಳ ಹಿಗ್ಗಿ ಜೋತುಬಿದ್ದ ಚೀಲದಂತಾಗಿದೆ, ತುತ್ತನ್ನು ಕೆಳಕ್ಕೆ ತಳ್ಳುವ ಕಸುವು ಅದಕ್ಕಿಲ್ಲ. ಆದ್ದರಿಂದ ನಾಯಿಯನ್ನು ನೆಟ್ಟಗೆ ಕೂಡಿಸಿ ಉಣಿಸಬೇಕು. ಉಂಡ ಮೇಲೆ ಇಪ್ಪತ್ತು ನಿಮಿಷ ಹಾಗೆಯೇ ಕೂಡಿಸಬೇಕು. ಊಟ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮೊದಲೇ ಬಿಟ್ಟರೆ ಕಕ್ಕುತ್ತದೆ. ಕಕ್ಕಿದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ದಿನಕ್ಕೆ ಮೂರು ಸಲ, ಬದುಕಿರುವವರೆಗೆ. ಯಾರು ಬದುಕಿರುವವರೆಗೆ ಎಂದು ಕೇಳಬೇಕೆಂದಿದ್ದೆ.

ಖುರ್ಚಿ ಮಾಡಿಸಲು ಅದೇ ಶೆಡ್ಡಿನ ವೆಲ್ಡರನ ಹತ್ತಿರ ಹೋದೆ. ಅವನು ನಗದೆ ನಾಯಿಯ ಅಳತೆ ತೆಗೆದುಕೊಂಡ.

"ಸರ, ರೆಕ್ಸಿನ್ ಯಾವ ಬಣ್ಣದ್ದು ಹಾಕ್ಲಿ?"

"ಯಾವುದರ ಹಾಕಪಾ."

"ಹಂಗಂದ್ರ ಹೆಂಗ್ರಿ? ಕುಂದರಾಂವ ಇಲ್ಲೇ ಅದಾನಲ್ಲ, ಅವನ್ನ ಕೇಳೂಣು."

ರಿಕ್ಷಾದ ಕೆಂಪು ರೆಕ್ಸಿನ್ ಹೊದಿಸಿದ. ಮುಂಗಾಲಿಡಲು ಹಲಗೆ, ಎದೆಯ ಮುಂದೆ ಎತ್ತಿ ಇಳಿಸುವ ಅಡ್ಡಪಟ್ಟಿ, ಬೆನ್ನಿಗೆ ನಾನು ಕೇಳದಿದ್ದರೂ ಒಂದು ರಿಫ್ಲೆಕ್ಟರು. ಹಿಂದಿನಿಂದ ಯಾರಾದರೂ ಬಂದು ಗುದ್ದಬಾರದಂತೆ.

ಇನ್ನು ನನ್ನ ಸ್ವಭಾವ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ಸು ಬಂದವನು ನಾನು. ಇಂಥವನ ಕೈಗೆ "ಇಪ್ಪತ್ತು ನಿಮಿಷ" ಎಂದು ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಫೋನಿನಲ್ಲಿ ಆರು ಅಲಾರಾಂ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಉಣಿಸಲು ಒಂದು, ಊಟದ ಹತ್ತು ನಿಮಿಷ ಸೇರಿಸಿ ಏಳು ಐವತ್ತಕ್ಕೆ ಇಳಿಸಲು ಒಂದು. ಮಧ್ಯಾಹ್ನಕ್ಕೂ ಸಂಜೆಗೂ ಹಾಗೆಯೇ. ಇಳಿಸುವ ಅಲಾರಾಂಗೆ ಕೋಳಿಯ ಕೂಗು. ತಿಂಗಳೊಪ್ಪತ್ತಿನಲ್ಲಿ ನಾಯಿ ಅದನ್ನು ಕಲಿತುಬಿಟ್ಟಿತು. ಕೋಳಿ ಕೂಗಿದ್ದೇ ತಡ, ಮೂತಿಯಿಂದ ಅಡ್ಡಪಟ್ಟಿ ಎತ್ತಿ ತಾನೇ ಧುಮುಕುತ್ತಿತ್ತು. ಬಂದವರಿಗೆಲ್ಲ ಇದನ್ನು ಕರೆದು ತೋರಿಸುತ್ತಿದ್ದೆ.

"ಅದರ ಊಟಕ್ಕ ಆರು ಗಂಟಿ ಬಾರಿಸ್ತೀರಿ. ನಿಮ್ಮ ಬಿ.ಪಿ. ಗುಳಿಗಿ ನಾ ಹೇಳಬೇಕು" ಎನ್ನುತ್ತಿದ್ದಳು ಹೆಂಡತಿ. ಮಧ್ಯಾಹ್ನದ ಪಾಳಿ ಅವಳದು. ನಾನು ಕಚೇರಿಯಿಂದ ಫೋನ್ ಮಾಡಿ ಕೋಳಿ ಕೂಗಿಸುತ್ತಿದ್ದೆ.

ನಾಯಿ ಬೇಕೆಂದು ಮೂರು ಮನೆಯವರು ಬಂದರು. ಮೂವರಿಗೂ ಏನಾದರೊಂದು ಕೊಂಕು ತೆಗೆದು ನಾನೇ ಕಳಿಸಿದೆ. ಒಬ್ಬರ ಮನೆಯಲ್ಲಿ ಮೆಟ್ಟಿಲು ಹೆಚ್ಚು. ಇನ್ನೊಬ್ಬರು ನಾನು ಬರೆದ ನಾಲ್ಕು ಪುಟದ ಸೂಚನೆಗಳನ್ನು ಮಡಚಿ ಜೇಬಿಗಿಟ್ಟರು, ಓದಲಿಲ್ಲ. ಮೂರನೆಯವರದು ಏನೆಂದು ಈಗ ನೆನಪಿಲ್ಲ. ಆಗ ಬಹಳ ದೊಡ್ಡದೆನಿಸಿತ್ತು.

ಅಷ್ಟರಲ್ಲಿ ಡಾಕ್ಟರ ಫೋನ್. ಕಣಕುಂಬಿ ಕಡೆ ರಸ್ತೆಯಲ್ಲಿ ಯಾವುದೋ ಗಾಡಿ ಬಡಿದು ಸೊಂಟ ಮುರಿದ ಹೆಣ್ಣು ನಾಯಿಯೊಂದು ಬಂದಿದೆ. "ದವಾಖಾನ್ಯಾಗ ಇನ್ನ ಎಂಟ ದಿವಸ ಇಟಗೋತೀನ್ರಿ. ಆಮ್ಯಾಲೆ ನಿಮ್ಮಲ್ಲೆ ಜಾಗಾ ಆಗಬೇಕು. ಇಲ್ಲಂದ್ರ ಹೊಳ್ಳಿ ರಸ್ತೇಕ್ಕ."

ಜಾಗ ಒಂದೇ. ಕೆಂಪು ಖುರ್ಚಿಯವನು ಹೊರಡಲೇಬೇಕಾಯಿತು.

ಆ ವಾರವೇ ಖಾನಾಪುರದಿಂದ ಹೆಂಚಿನ ಅಂಗಡಿಯವರೊಬ್ಬರು ಫೋನ್ ಮಾಡಿದರು. ಅವರ ತಾಯಿಗೆ ನಾಯಿ ಬೇಕಿತ್ತಂತೆ. "ನಮ್ಮವ್ವ ಮನೀ ಬಿಟ್ಟು ಎಲ್ಲೂ ಹೋಗಂಗಿಲ್ರಿ. ಮೂರೂ ಹೊತ್ತು ಲಿಂಗಪೂಜಾ." ಭಾನುವಾರ ಬೆಳಗಿನ ಊಟ ನನ್ನ ಕಣ್ಣೆದುರಿಗೇ ಆಗಲಿ ಎಂದು ಆರೂವರೆಗೇ ನಾಯಿ, ಖುರ್ಚಿ, ನಾಲ್ಕು ಪುಟಗಳ ಸಮೇತ ಕಾರು ಹತ್ತಿದೆ.

ಅಂಗಡಿಯವರ ತಾಯಿ, ನನಗೆ ಆಯಿ, ನನ್ನ ನಾಲ್ಕು ಪುಟಗಳನ್ನು ಮುಟ್ಟಲಿಲ್ಲ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದೆ.

"ಬಾಯಿಲೆ ಹೇಳು ತಮ್ಮಾ. ಕೂಸಿಗೆ ಉಣಸಾಕ ಚೀಟಿ ಬೇಕೇನು?"

ಹೇಳಿದೆ. ಹೇಳಿದ್ದನ್ನೇ ಇನ್ನೆರಡು ಸಲ ಹೇಳಿದೆ.

"ಆತಲ್ಲ. ಮದಲ ಅದಕ್ಕ ಉಣಸ್ತೀನಿ, ಆಮ್ಯಾಲೆ ಪೂಜಾಕ್ಕ ಕುಂದರ್ತೀನಿ. ನಾ ಏಳೂಮಟಾ ಅದೂ ಏಳಬಾರ್ದು. ಇಷ್ಟ ಹೌದಲ್ಲ?"

"ಗಡಿಯಾರ ನೋಡಬೇಕಲ್ರಿ ಆಯಿ."

"ಐವತ್ತು ವರ್ಷ ಆತು, ನನ್ನ ಪೂಜಾ ನೋಡಿ ಮಂದಿ ಗಡಿಯಾರ ಹಚಗೊಂಡಾರ."

ಉಣಿಸುವ ಅಲಾರಾಂ ದಾರಿಯಲ್ಲೇ ಬಾರಿಸಿತ್ತು; ಅಲ್ಲಿ ಉಣಿಸಿ ಮುಗಿಸುವಷ್ಟರಲ್ಲಿ ಏಳು ನಲವತ್ತಾಗಿತ್ತು. ರುಬ್ಬಿದ ಅನ್ನ-ಬೇಳೆಯನ್ನು ಆಯಿ ಚಮಚೆಯಿಂದ ಸಾವಕಾಶ ತಿನ್ನಿಸಿದರು. ಖುರ್ಚಿಯನ್ನು ಪೂಜೆಯ ಮಣೆಗೆ ಎದುರಾಗಿ ಇಡಿಸಿದರು. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟರು. ಮನೆಯಲ್ಲಿ ಪಿಟ್ಟೆನ್ನುವವರಿಲ್ಲ. ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಇಡುವುದನ್ನೂ ನಿಲ್ಲಿಸಿದಳು. ನಾಯಿ ಒಂದು ಸಲ ಆಯಿಯನ್ನು, ಒಂದು ಸಲ ನನ್ನನ್ನು ನೋಡಿತು. ನಾನು ಗೋಡೆಯ ಗಡಿಯಾರವನ್ನೂ ಕೈಗಡಿಯಾರವನ್ನೂ ಒಂದಕ್ಕೊಂದು ತಾಳೆ ನೋಡುತ್ತ ಕುಳಿತಿದ್ದೆ.

ಹತ್ತು ನಿಮಿಷವಾಗಿರಬೇಕು. ನನ್ನ ಜೇಬಿನಲ್ಲಿ ಕೋಳಿ ಕೂಗಿತು.

ಏಳು ಐವತ್ತು. ದಿನವೂ ಕೂಗುವ ಕೋಳಿ. ಎರಡು ಗಡಿಯಾರ ನೋಡುತ್ತಿದ್ದ ಮನುಷ್ಯನಿಗೆ ಮೂರನೆಯದು ತನ್ನ ಕಿಸೆಯಲ್ಲೇ ಇರುವುದು ಮರೆತುಹೋಗಿತ್ತು. ನಾಯಿ ಮೂತಿಯಿಂದ ಅಡ್ಡಪಟ್ಟಿ ಎತ್ತಿ, ಧುಮುಕಿ, ಸಾರಿಸಿ ರಂಗೋಲಿ ಎಳೆದಿದ್ದ ನೆಲದ ಮೇಲೆ ಉಂಡದ್ದನ್ನೆಲ್ಲ ಕಕ್ಕಿ, ಕೆಮ್ಮತೊಡಗಿತು.

ಆಯಿ ಕಣ್ಣೆತ್ತಲಿಲ್ಲ. ಪೂಜೆಯಲ್ಲಿ ಮಾತಿಲ್ಲ. ಬಲಗೈಯ ಒಂದು ಬೆರಳು ಮಾತ್ರ ಎದ್ದು ಬಾಗಿಲು ತೋರಿಸಿತು. ನಾಯಿಗಲ್ಲ, ನನಗೆ.

ಹೊರಗೆ ಕಟ್ಟೆಯ ಮೇಲೆ ನಾಯಿಯ ಎದೆಗೆ ಕಿವಿ ಹಚ್ಚಿ ಕುಳಿತೆ. ಕೆಮ್ಮು ನಿಂತಿತು, ಉಸಿರು ಸರಿಯಿತ್ತು. ಆದರೂ ಆಯಿ ಎದ್ದು ಬಂದಾಗ, "ಇವತ್ತು ವಾಪಸ್ ಒಯ್ತೀನ್ರಿ, ಮುಂದ ನೋಡೂಣು" ಎಂದೆ. ಇದು ನಾಲ್ಕನೆಯ ಮನೆ. ಎಂಟು ದಿನಗಳಲ್ಲಿ ಐದು ಕಳೆದಿದ್ದವು.

"ಫೋನ್ ಒಯ್ದು ಗಾಡ್ಯಾಗ ಇಡು. ಕೈಯಾಗಿನ ಗಡಿಯಾರನೂ" ಎಂದರು ಆಯಿ. "ಮಧ್ಯಾಹ್ನ ಮತ್ತ ಉಣಸ್ತೀನಿ. ನೀನೂ ಬಾಜೂಕ ಕುಂದ್ರು. ಅದು ಇಳೀತಂದ್ರ ಒಯ್ಯಿ."

ಸೊಸೆ ಯಾರೂ ಹೇಳದೆಯೇ ಗೋಡೆಯ ಗಡಿಯಾರವನ್ನು ತೆಗೆದು ಒಳಗಿಟ್ಟಳು. ಮಗ ನನ್ನನ್ನು ನೋಡಿ, "ಕುಂದರ್ರಿ ಸರ, ನಮಗೂ ರೂಢಿ ಆಗೂದಕ್ಕ ಭಾಳ ವರ್ಷ ಹಿಡೀತು" ಎಂದರು.

ಆ ಮಧ್ಯಾಹ್ನ ಕುಳಿತಂತೆ ನಾನು ಯಾವ ಮಠದಲ್ಲೂ ಕುಳಿತಿಲ್ಲ. ಅರವತ್ತರವರೆಗೆ ಎಣಿಸುತ್ತ ಹೋದೆ, ತಪ್ಪಿದೆ, ಮತ್ತೆ ಒಂದರಿಂದ ಎಣಿಸಿದೆ. ಗಂಟೆಯಾಯಿತು ಎನಿಸಿತು, ಮರುಕ್ಷಣ ಎರಡೇ ನಿಮಿಷವಾಗಿರಬೇಕೆನಿಸಿತು. ನಾಯಿ ಗದ್ದವನ್ನು ಅಡ್ಡಪಟ್ಟಿಯ ಮೇಲಿಟ್ಟು ಆಯಿಯ ಅಂಗೈಯನ್ನೇ ನೋಡುತ್ತಿತ್ತು, ಅಲ್ಲಿ ಏನೋ ತಿನ್ನುವುದಿದೆ ಎಂಬಂತೆ. ಇಳಿಯಲಿಲ್ಲ. ಕೊನೆಗೆ ಆಯಿ ಮೊಣಕಾಲು ಹಿಡಿದುಕೊಂಡು ಎದ್ದಾಗ ಮೂತಿಯಿಂದ ಪಟ್ಟಿ ಎತ್ತಿ ಅದೂ ಇಳಿಯಿತು.

ನಾನು ಕಾರಿಗೆ ಓಡಿ ಫೋನ್ ನೋಡಿದೆ. ಊಟಕ್ಕೆ ಹಿಡಿದಷ್ಟು ಕಳೆದರೂ ಇಪ್ಪತ್ತೈದು ನಿಮಿಷ. ನಾಯಿ ಕಕ್ಕಲಿಲ್ಲ, ಅರ್ಧ ತಾಸು ಅದರ ಹಿಂದಿಂದೆ ಓಡಾಡಿ ನೋಡಿದೆ. ಕೊಂಕು ತೆಗೆಯಲು ಮನೆಯನ್ನೆಲ್ಲ ಕಣ್ಣಲ್ಲಿ ಜಾಲಾಡಿದೆ. ಅಲ್ಲಿದ್ದ ಅಪಾಯವೆಂದರೆ ಒಂದೇ, ಅದು ಬೆಳಗಾವಿಯಿಂದ ಕಾರು ಹೊಡೆದುಕೊಂಡು ಬಂದಿತ್ತು.

ಖುರ್ಚಿಯನ್ನೂ ಅಲ್ಲಿಯೇ ಬಿಟ್ಟೆ. ಸಂಜೆ ಹೊರಡುವಾಗ ಆಯಿ ಒಂದು ಕರಾರು ಹಾಕಿದರು: "ಫೋನ್ ಮಾಡು, ಬ್ಯಾಡ ಅನ್ನಂಗಿಲ್ಲ. ಪೂಜಾದ ಹೊತ್ತಿನ್ಯಾಗ ಮಾತ್ರ ಮಾಡಬ್ಯಾಡ."

ಮರಳುವಾಗ, ಬೆಳಗಾವಿ ಇನ್ನೂ ದೂರವಿರುವಾಗಲೇ, ಸಂಜೆಯ ಕೋಳಿ ಕೂಗಿತು. ರೂಢಿಯ ಮೇಲೆ ಹಿಂದಿನ ಸೀಟಿನ ಕಡೆ ತಿರುಗಿದೆ. ಒಂದು ಟವೆಲು ಇತ್ತು. ಗಾಡಿ ಬದಿಗೆ ನಿಲ್ಲಿಸಿ ಅಲಾರಾಂ ತೆಗೆದುಹಾಕಲು ಹೋದರೆ ಫೋನ್ ನನ್ನನ್ನೇ ಕೇಳಿತು: ಇವತ್ತಿಗಷ್ಟೇ ಬೇಡವೋ, ಇನ್ನು ಎಂದಿಗೂ ಬೇಡವೋ?

ಮೂರು ದಿನಕ್ಕೆ ಸೊಂಟ ಮುರಿದವಳು ಬರುವವಳಿದ್ದಳು. ಅವಳಿಗೆ ಬೇರೆ ಹೊತ್ತು, ಬೇರೆ ಔಷಧ. ಆ ಕೋಳಿಯಿಂದ ಇನ್ನು ಯಾರಿಗೂ ಉಪಯೋಗವಿರಲಿಲ್ಲ.

ಇವತ್ತಿಗಷ್ಟೇ ಎಂದು ಒತ್ತಿದೆ.