ನೀಲಕ್ಕನ ಬಾಲಕ್ಕೆ ಒಂದು ಚಮಚ ಕೊಸರು

ನಾನು ನನ್ನ ಅಕ್ಕನಿಗೆ ಒಂದು ಬಾಲ ಮಾಡಿಕೊಟ್ಟಿದ್ದೇನೆ. ಇದನ್ನು ಹೀಗೆ ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಸುತ್ತಿ ಬಳಸಿ ಹೇಳುವವರ ಬಾಯಲ್ಲಿ ಆ ಬಾಲ ಈಗಾಗಲೇ ಬೈಲಹೊಂಗಲದಿಂದ ರಾಮದುರ್ಗದವರೆಗೆ ಬೆಳೆದುಬಿಟ್ಟಿದೆ. ನಿಜವಾಗಿ ಅದು ಸೊಂಟದಿಂದ ಪಾದ ದಾಟಿ ಒಂದು ಮೊಳ ಮಾತ್ರ ಇದೆ. ಹಸಿರು ಬಣ್ಣದ್ದು, ಸಿಲಿಕಾನಿನದು.

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೀಗ, ನಲ್ಲಿ, ಬಣ್ಣದ ಡಬ್ಬಿಗಳ ನಡುವೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಸಿಲಿಕಾನ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ, ಬಚ್ಚಲಿನ ಸಂದಿಗೆ ಹಚ್ಚುವ, ಒತ್ತಿದರೆ ಹುಳಿ ವಾಸನೆ ಬಿಡುತ್ತ ಕೊಳವೆಯಿಂದ ಹೊರಬರುವ ಬಿಳಿ ಅಂಟು. ಈಗಾದರೋ ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಕಬ್ಬಿನ ಮಾತಾಡುತ್ತಿದ್ದರೆ ನನಗೆ ಸಿಲಿಕಾನಿನ ಮಾತಾಡಲು ಬಾಯಿ ತುರಿಸುತ್ತದೆ. ಹೆಂಡತಿ ದೂರದಿಂದಲೇ ಕಣ್ಣು ಬಿಡುತ್ತಾಳೆ. ನಾನು ಹಪ್ಪಳ ಮುರಿಯುತ್ತೇನೆ.

ಅಕ್ಕನ ಹೆಸರು ನೀಲಕ್ಕ. ಸವದತ್ತಿಗೆ ಕೊಟ್ಟಿದೆ. ಐವತ್ತು ದಾಟಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಕಳೆದ ವರ್ಷ ಬೆಳಗಾವಿಗೆ ಒಂದು ಪ್ರದರ್ಶನ ಬಂದಿತ್ತು, ಮನೆಮಂದಿಯೆಲ್ಲ ಹೋಗಿದ್ದೆವು. ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನುಗಳು, ಮೀನುಗಳ ನಡುವೆ ಬಾಲ ಕಟ್ಟಿಕೊಂಡ ಒಬ್ಬ ಹುಡುಗಿ. ಮಕ್ಕಳೆಲ್ಲ ಗಾಜಿಗೆ ಮೂಗು ಹಚ್ಚಿ ನಿಂತರು. ನೀಲಕ್ಕ ಸುಮ್ಮನೆ ನಿಂತಿದ್ದಳು, ಮುಖ ಕೆಂಪಾಗಿತ್ತು. ನನಗೆ ಗಾಬರಿಯಾಗಿ ಭುಜ ಮುಟ್ಟಿದರೆ ಕೈ ಕೊಡವಿದಳು. ಒಳಗಿನ ಹುಡುಗಿ ಉಸಿರಿಗೆಂದು ಮೇಲೆ ಹೋದಳು. ಅದಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಭುಸ್ಸೆಂದು ಉಸಿರು ಬಿಟ್ಟಳು.

"ಆಕೀಕಿಂತ ನಾ ಹೆಚ್ಗಿ ಹಿಡದೆ, ನೋಡಿದೇನ?" ಅಂದಳು. ಮೊಮ್ಮಕ್ಕಳ ಅಜ್ಜಿ, ಗಾಜಿನ ಹೊರಗೆ ನಿಂತು, ಸಂಬಳ ತೆಗೆದುಕೊಳ್ಳುವ ಮತ್ಸ್ಯಕನ್ಯೆಯ ಜೊತೆ ಪಂದ್ಯ ಕಟ್ಟಿದ್ದಳು.

ಇದಕ್ಕೊಂದು ಹಿನ್ನೆಲೆ ಇದೆ. ನಮ್ಮ ಹುಟ್ಟೂರು ಸುರೇಬಾನದ ಕಡೆ. ಹೊಲದಲ್ಲಿ ಮೆಟ್ಟಿಲಿನ ದೊಡ್ಡ ಬಾವಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಓಣಿಯ ಮಕ್ಕಳಿಗೆಲ್ಲ ಈಜು ಕಲಿಸಿದವಳು ನೀಲಕ್ಕ. ನನ್ನನ್ನೂ ನೂಕಿದಳು. ಬುರುಡೆ ತೇಲಿತು, ನಾನು ಅದರ ಜೊತೆ ಅಷ್ಟೇನೂ ಸಹಕರಿಸಲಿಲ್ಲ. ಇವತ್ತಿಗೂ ನಾನು ನೀರಿಗೆ ಇಳಿಯುವುದು ಸ್ನಾನಕ್ಕೆ ಮಾತ್ರ, ಅದೂ ಬಕೆಟ್ಟಿನಿಂದ. ಅವಳು ಮಾತ್ರ ದಂಡೆಯ ಬೇವಿನ ಟೊಂಗೆಯಿಂದ ಹಾರಿ, ತಳದ ಕೆಸರು ಮುಷ್ಟಿಯಲ್ಲಿ ಹಿಡಿದು ಮೇಲೆ ಬಂದು ತೋರಿಸುತ್ತಿದ್ದಳು. ಅವಳು ದೊಡ್ಡವಳಾದ ದಿನ ಅವ್ವ ಅವಳಿಗೆ ಬಾವಿ ಬಂದ್ ಮಾಡಿದಳು. ಯಾರೂ ಜಗಳ ಮಾಡಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ಆಗುತ್ತಿತ್ತು. ಆಮೇಲೆ ಅಕ್ಕ ಆ ಬಾವಿಯಿಂದ ನೀರು ಸೇದಿದಳು, ದಂಡೆಯ ಮೇಲೆ ಬಟ್ಟೆ ಒಗೆದಳು, ಒಳಗೆ ಇಳಿಯಲಿಲ್ಲ. ಅದು ನೆನಪಾದರೆ ನನಗೆ ಈಗ ಸಿಟ್ಟು ಬರುತ್ತದೆ. ಆಗ ಬಂದಿರಲಿಲ್ಲ.

ಆ ಹೊಲ ಈಗ ನಮ್ಮ ಕಾಕಾನ ಮಗ ಈರಣ್ಣನದು. ಕಾಲುವೆಯ ನೀರು ಬಂದ ಮೇಲೆ ಅವನಿಗೆ ಬಾವಿ ಬೇಡವಾಗಿದೆ. ಬೇಸಿಗೆ ಮುಗಿಯುವುದರೊಳಗೆ ಮಣ್ಣು ಹಾಕಿ ಮುಚ್ಚಿ ಅಲ್ಲಿಯೂ ಕಬ್ಬು ಹಚ್ಚುತ್ತೇನೆ ಎಂದು ಯುಗಾದಿಗೆ ಬಂದಾಗ ಹೇಳಿಹೋದ. ಹೋಳಿಗೆ ಬಡಿಸುತ್ತಿದ್ದ ಅಕ್ಕ ಅವನ ತಟ್ಟೆಗೆ ಇನ್ನೊಂದು ಹಾಕಿದಳು. ಸಂಜೆ ನನಗೆ ಹೇಳಿದಳು, "ಮುಚ್ಚೂಕಿಂತ ಮೊದಲ ನಾ ಒಮ್ಮಿ ಇಳೀಬೇಕು."

ಇಳಿಯಲು ಉಡುವುದು ಏನು? ಸೀರೆ ಕಾಲಿಗೆ ಸುತ್ತುತ್ತದೆ. ನೈಟಿ ನೀರಿನಲ್ಲಿ ಛತ್ರಿಯಂತೆ ಮೇಲೇಳುತ್ತದೆ. ಈಜುವ ಚಡ್ಡಿಯ ಹೆಸರು ಎತ್ತಿದ್ದಕ್ಕೆ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಆಗ ಅವಳೇ ಬಾಲದ ಮಾತು ತೆಗೆದಳು. ಮೊದಲು ನಕ್ಕೆ. ಆಮೇಲೆ ವಿಚಾರ ಮಾಡಿದರೆ ಅವಳ ಲೆಕ್ಕ ಸರಿಯಾಗಿತ್ತು. ಸೊಂಟದಿಂದ ಪಾದದ ತನಕ ಒಂದು ಬೆರಳಿನಷ್ಟೂ ಚರ್ಮ ಕಾಣದಂತೆ ಮುಚ್ಚುವ ಉಡುಪು ಅದೊಂದೇ. ಮೇಲೆ ಉದ್ದ ತೋಳಿನ ಕುಬಸ ಹಾಕಿದರೆ ಮುಗಿಯಿತು. ನಮ್ಮ ಹಳೆಯ ಗುಡಿಗಳ ಬಾಗಿಲವಾಡದ ಮೇಲೆ ಮಕರಗಳು ಬಳ್ಳಿಯಂಥ ಬಾಲ ಬಿಚ್ಚಿ ಕೂತಿರುತ್ತವೆ. ದೇವರ ಎದುರಿಗೇ ಬಾಲ ನಡೆಯುತ್ತದೆ ಎಂದ ಮೇಲೆ ಈರಣ್ಣನ ಹೊಲದಲ್ಲಿ ನಡೆಯದೇ?

ಹಾರ್ಡ್‌ವೇರಿನವನಾದ್ದರಿಂದ ಬಾಲದ ಹೊಣೆ ನನ್ನ ಮೇಲೆ ಬಿತ್ತು. ಮೊದಲು ನನ್ನ ಅಂಗಡಿಯ ಬಚ್ಚಲಿನ ಅಂಟನ್ನೇ ನೋಡಿದೆ. ಅಗ್ಗ, ಕೈಗೆಟಕುವಂಥದ್ದು, ಅದರಿಂದಲೇ ಬಾಲ ಮಾಡಿದವರ ವಿಡಿಯೋಗಳೂ ಇವೆ. ಆದರೆ ಅದು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವ ಜಾತಿ. ದಪ್ಪ ಹಚ್ಚಿದರೆ ಮೇಲೆ ಚರ್ಮ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಬೂಷ್ಟು ಹಿಡಿಯದಿರಲಿ ಎಂದು ಅದಕ್ಕೆ ಔಷಧ ಬೇರೆ ಬೆರೆಸಿರುತ್ತಾರೆ. ಬಚ್ಚಲಿನ ಗೋಡೆಗೆ ಅದು ಒಳ್ಳೆಯದು, ಅಕ್ಕನ ಕಾಲಿಗಲ್ಲ.

ಎರಡನೆಯದು ತವರದ ಸಿಲಿಕಾನ್. ತವರದ ಸಂಯುಕ್ತದಿಂದ ಗಟ್ಟಿಯಾಗುವಂಥದ್ದು. ಯಾವುದಕ್ಕೂ ಬೇಸರ ಮಾಡಿಕೊಳ್ಳದ ಸಮಾಧಾನಿ. ಆದರೆ ದಿನ ಹೋದಂತೆ ಕುಗ್ಗುತ್ತದೆ, ಹರಿಯುತ್ತದೆ, ಮೈಗೆ ತಾಗಿಸುವುದಕ್ಕೆ ಬೇಡ ಎನ್ನುತ್ತಾರೆ. ಮೂರನೆಯದು ಪ್ಲಾಟಿನಂ ಸಿಲಿಕಾನ್. ಮೈಗೆ ಹಿತ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತನ್ನ ಅಳತೆಗೆ ಬರುತ್ತದೆ. ದುಬಾರಿ. ಮತ್ತು ಮಡಿ ಬಹಳ. ಗಂಧಕ ತಾಗಬಾರದು, ರಬ್ಬರಿನ ಕೈಗವಸು ತಾಗಬಾರದು, ತವರದ ಸಿಲಿಕಾನ್ ಮುಟ್ಟಿದ ಪಾತ್ರೆಯಂತೂ ಹತ್ತಿರ ಸುಳಿಯಬಾರದು. ತಾಗಿದರೆ ಗಟ್ಟಿಯಾಗುವುದಿಲ್ಲ, ಜಿಗಿಜಿಗಿ ಎನ್ನುತ್ತ ಮುನಿಸಿಕೊಂಡು ಕೂರುತ್ತದೆ. ಅದರಲ್ಲಿಯೂ ಮೆದುತನದ ನಂಬರುಗಳಿವೆ. ಕಡಿಮೆ ನಂಬರಿನದು ಕಿವಿಯ ಹಾಲೆಯಷ್ಟು ಮೆತ್ತಗೆ, ಆದರೆ ಬಾವಿಯ ಕಲ್ಲಿಗೆ ಒಮ್ಮೆ ಉಜ್ಜಿದರೆ ಹರಿಯುತ್ತದೆ. ಹೆಚ್ಚಿನದು ಟೈರಿನ ಹಾಗೆ, ಮಂಡಿ ಬಾಗುವುದಿಲ್ಲ. ನಾವು ನಡುವಿನದನ್ನು ಆರಿಸಿದೆವು. ಇನ್ನೊಂದು ವಿಷಯ, ಸಿಲಿಕಾನಿಗೆ ಸಿಲಿಕಾನ್ ಬಿಟ್ಟು ಬೇರೆ ಏನೂ ಅಂಟುವುದಿಲ್ಲ. ಒಣಗಿದ ಬಚ್ಚಲಿನ ಅಂಟಿನ ತುಂಡಿಗೆ ಅಂಗಡಿಯ ಹಸಿರು ಬಣ್ಣ ಹಚ್ಚಿ ನೋಡಿದೆ, ಒಣಗಿದ ಮೇಲೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಸಂಬಂಧದೊಳಗೇ ಕೊಟ್ಟು ತರುವ ಮನೆತನ ಅದು, ಬಣ್ಣವನ್ನೂ ತನ್ನ ಕುಲದ್ದೇ ಕೇಳುತ್ತದೆ. ಇಷ್ಟೆಲ್ಲ ಬಿಂಕದ ಈ ವಸ್ತುವಿನ ಮೂಲ ಹುಡುಕಿದರೆ ಸಿಕ್ಕಿದ್ದು ಮರಳು! ನಮ್ಮ ಮಲಪ್ರಭೆಯ ದಂಡೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಅದೇ ಮರಳಿನ ದೂರದ ಮೊಮ್ಮಗ.

ಅ ಮತ್ತು ಬ ಎಂದು ಗುರುತಿಸಿದ ಎರಡು ಕ್ಯಾನುಗಳಲ್ಲಿ ಅದು ಬಂತು, ಸರಿಸಮ ಬೆರೆಸಿದರೆ ಮಾತ್ರ ಗಟ್ಟಿಯಾಗುವಂಥದ್ದು. ಎರಡನ್ನೂ ಹಿಡಿದು ಸವದತ್ತಿಯ ಬಸ್ಸು ಹತ್ತಿದೆ. ಹುಣ್ಣಿಮೆ ಹತ್ತಿರವಿತ್ತು, ಬಸ್ಸಿನ ತುಂಬ ದೇವಿಯ ಗುಡ್ಡಕ್ಕೆ ಹೊರಟವರು. ಪಕ್ಕದ ಅಜ್ಜಿ ಕ್ಯಾನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ತಾಯಿಗಿ ಎಣ್ಣಿ ಒಯ್ಯಾಕತ್ತೀರೇನ್ರಿ?" ಎಂದು ಕೇಳಿದಳು. ನಾನು "ಅಕ್ಕಗ ರೀ" ಎಂದೆ. ಅಕ್ಕನೆಂದರೂ ತಾಯಿಯೇ ಎಂದುಕೊಂಡಳೋ ಏನೋ, ಗುಡ್ಡದ ಹತ್ತಿರದ ಉಗರಗೋಳಕ್ಕೆ ಹೋಗುವವರ ಆ ಗದ್ದಲದಲ್ಲಿಯೂ ನನ್ನ ಕ್ಯಾನುಗಳಿಗೆ ಕಾಲು ತಾಗದಂತೆ ಜಾಗ ಮಾಡಿಕೊಟ್ಟಳು.

ಅಚ್ಚು ಮಾಡುವುದು ಅಕ್ಕನಿಗೆ ಹೊಸದಲ್ಲ. ಗೌರಿ ಹುಣ್ಣಿಮೆಗೆ ಮರದ ಅಚ್ಚುಗಳಲ್ಲಿ ಪಾಕ ಹೊಯ್ದು ಸಕ್ಕರೆಯ ಆನೆ, ಕುದುರೆ, ಗೋಪುರ ತೆಗೆಯುವ ಕೈ ಅದು. ಹಲಗೆಯ ಮೇಲೆ ಎರೆಮಣ್ಣು ಹಾಸಿ, ಮುರಿದ ಬಳೆಯ ಅರ್ಧವನ್ನು ಒತ್ತಿ ಒತ್ತಿ ಮೀನಿನ ಪೊರೆ ಮೂಡಿಸಿದಳು. ಸೊಂಟದ ಹತ್ತಿರ ತನ್ನ ಬಳೆ, ಬಾಲದ ತುದಿಗೆ ಮೊಮ್ಮಗಳದು. ಕಿತ್ತೂರಿನ ಕಲ್ಯಾಣ ಮಂಟಪದ ಛತ್ತಿಗೆಂದು ತರಿಸಿದ್ದ ಪ್ಲಾಸ್ಟರಿನಲ್ಲಿ ಉಳಿದದ್ದು ನನ್ನ ಅಂಗಡಿಯಲ್ಲಿತ್ತು, ಅದನ್ನು ಹೊಯ್ದು ಅಚ್ಚು ತೆಗೆದೆವು. ಇಷ್ಟರವರೆಗೆ ಎಲ್ಲವೂ ಸುಸೂತ್ರ.

ಸಿಲಿಕಾನ್ ಮಾತ್ರ ಗಟ್ಟಿಯಾಗಲಿಲ್ಲ. ಮರುದಿನ ನೋಡಿದರೆ ಎಳೆ ಬಾರದ ಪಾಕದಂತೆ ಬೆರಳಿಗೆ ಅಂಟುತ್ತಿತ್ತು. ಓದಿಕೊಂಡವನು ನಾನು, ಕಾರಣ ಹುಡುಕಿದೆ. ಗಂಧಕ! ಗಂಧಕ ಎಲ್ಲಿಂದ ಬಂತು? ಬೆಳ್ಳುಳ್ಳಿಯಿಂದ. ಅಕ್ಕ ಬೆಳಗ್ಗೆ ಶೇಂಗಾ ಚಟ್ನಿ ಕುಟ್ಟಿದ್ದಳು. ತಕ್ಷಣ ಆ ಮನೆಯಲ್ಲಿ ಬೆಳ್ಳುಳ್ಳಿಗೆ ನಿಷೇಧ ಹಾಕಿದೆ. ಭಾವ ಸಪ್ಪೆ ಚಟ್ನಿಯ ಜೊತೆ ರೊಟ್ಟಿ ಮುರಿಯುತ್ತ, "ಬಾಲ ಹಚ್ಚಿಗೊಳ್ಳಾಕಿ ಆಕಿ, ಮಡಿ ನನಗ್ಯಾಕೋ?" ಎಂದ. ಹೊಲಿಗೆಯವರಿಂದ ಬಟ್ಟೆಯ ಕೈಗವಸು ತರಿಸಿದೆ. ಎರೆಮಣ್ಣಿನ ಮೇಲೆ ಗುಮಾನಿ ಪಟ್ಟೆ. ಎರಡನೆಯ ತುಂಡು ಮಾಡಿದೆವು. ಅದೂ ಜಿಗಿಜಿಗಿ. ಕ್ಯಾನುಗಳು ಹಗುರಾಗುತ್ತಿದ್ದವು, ಬೇಸಿಗೆ ಮುಗಿಯುತ್ತ ಬಂದಿತ್ತು. ಈರಣ್ಣ ಮಣ್ಣು ಹೊಡೆಯಲು ಟ್ರ್ಯಾಕ್ಟರ್ ಗೊತ್ತು ಮಾಡಿದ್ದಾನೆ ಎಂಬ ಸುದ್ದಿ ಬಂತು. ಅಕ್ಕ "ಹೋಗ್ಲಿ ಬಿಡಪಾ, ವಯಸ್ಸಿಗೆ ತಕ್ಕ ಆಟ ಅಲ್ಲ ಇದು" ಎಂದಳು. ನಾನು ಕ್ಯಾನುಗಳ ಮುಚ್ಚಳ ಮತ್ತೆ ತೆಗೆದೆ.

ಮೂರನೆಯ ಸಲ ನಾನು ಎದುರಿಗೇ ಕೂತು, ಮಾತಾಡುತ್ತ, ಅವಳ ಕೈ ನೋಡಿದೆ. ಅ ಒಂದು ಲೋಟ ಅಳೆದಳು. ಬ ಒಂದು ಲೋಟ ಅಳೆದಳು. ಎರಡೂ ಸಮ, ತಪ್ಪಿಲ್ಲ. ಆಮೇಲೆ, ನನ್ನ ಮಾತು ಕೇಳುತ್ತಲೇ, ಬ ಕ್ಯಾನಿಗೆ ಚಮಚ ಅದ್ದಿ ಮೇಲೊಂದು ತುಂಬ ಚಮಚ ಸುರಿದಳು.

"ಅದೇನದು?"

"ಯಾವುದು?"

"ಮ್ಯಾಲ ಹಾಕಿದ್ಯಲ್ಲ?"

"ಅದಾ? ಕೊಸರು."

ತಾನು ಹಾಕಿದ್ದು ಅವಳಿಗೇ ಗೊತ್ತಿರಲಿಲ್ಲ. ಜೋಳ ಅಳೆದರೆ ಮೇಲೊಂದು ಹಿಡಿ, ಮಜ್ಜಿಗೆ ಕೊಟ್ಟರೆ ಮೇಲೊಂದು ಸೌಟು, ಎಣ್ಣೆಗೆ ಒಂದು ಚಮಚ. ಅಳತೆ ಮುಗಿದ ಮೇಲೆ ಕೊಸರು ಬೀಳದಿದ್ದರೆ ಅವಳ ಕೈ ಅಳತೆ ಮುಗಿಯಿತೆಂದು ಒಪ್ಪುವುದಿಲ್ಲ. ನಮ್ಮ ಕಡೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೂ ತೂಗಿದ ಮೇಲೆ ನಾಲ್ಕು ಕಾಯಿ ಚೀಲಕ್ಕೆ ಎಸೆಯುತ್ತಾಳೆ. ನಾನೂ ಮೊಳೆ ತೂಗಿ ನಾಲ್ಕು ಹೆಚ್ಚಿಗೆ ಹಾಕುತ್ತೇನೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಈ ಸಿಲಿಕಾನ್ ಕಂಡುಹಿಡಿದವರು ಗಂಧಕದ ಬಗ್ಗೆ ಎಚ್ಚರಿಕೆ ಬರೆದರು, ರಬ್ಬರಿನ ಬಗ್ಗೆ ಬರೆದರು, ಔದಾರ್ಯದ ಬಗ್ಗೆ ಬರೆಯಲು ಅವರಿಗೆ ಹೊಳೆಯಲಿಲ್ಲ.

ಕೊಸರು ಹಾಕಬೇಡ ಎಂದೆ. ಅಕ್ಕ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಚಮಚ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಳು. ಮುಖ ನೋಡಿದರೆ ಅತಿಥಿಯನ್ನು ಅರ್ಧ ಊಟದಲ್ಲಿ ಎಬ್ಬಿಸಿದವಳ ಹಾಗಿತ್ತು. "ಕೈ ಗಿಡ್ಡ ಮಾಡಿದಂಗ ಆಗತೈತೋ" ಎಂದಳು. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಬ ಲೋಟಕ್ಕೆ ಒಂದು ಚಮಚ ಕೊಸರು, ಅ ಲೋಟಕ್ಕೂ ಅಷ್ಟೇ ಕೊಸರು. ಯಾರಿಗೂ ಅನ್ಯಾಯವಿಲ್ಲ. ಮರುದಿನ ಅಚ್ಚಿನಿಂದ ಹಸಿರು ತುಂಡು ಗಟ್ಟಿಯಾಗಿ ಎದ್ದು ಬಂತು, ಬಳೆಯ ಒಂದೊಂದು ಗೆರೆಯೂ ಮೂಡಿತ್ತು. ಹೀಗೆ ತುಂಡು ತುಂಡಾಗಿ ತೆಗೆದು, ಸಿಲಿಕಾನಿನಿಂದಲೇ ಬೆಸೆದು ಬಾಲ ಮುಗಿಸಿದೆವು. ಮೊದಲ ತುಂಡು ಎದ್ದ ದಿನವೇ ಭಾವ ಎರಡು ಗಡ್ಡೆ ಬೆಳ್ಳುಳ್ಳಿ ಸುಲಿದು ಚಟ್ನಿ ಕುಟ್ಟಿಸಿದ.

ಸುರೇಬಾನಕ್ಕೆ ಹೋದ ಮಧ್ಯಾಹ್ನ ಬಾವಿಯ ಪಕ್ಕದಲ್ಲಿ ಮಣ್ಣಿನ ಗುಡ್ಡೆ ಆಗಲೇ ಬಿದ್ದಿತ್ತು. ಈರಣ್ಣ ಟ್ರ್ಯಾಕ್ಟರಿನ ಹಗ್ಗ ತಂದಿದ್ದ, ಏನಾದರೂ ಆದರೆ ಇರಲಿ ಎಂದು ನಾನೇ ತರಿಸಿದ್ದು. ಅವನ ಹೆಂಡತಿ ಈಜು ಬಲ್ಲವಳು, ಕೆಳಗಿನ ಮೆಟ್ಟಿಲಲ್ಲಿ ನಿಂತಳು. ಓಣಿಯ ಹೆಂಗಸರು ದಂಡೆಯ ಸುತ್ತ ಕೂತರು. ಬಾಲ ಹಾಕಿದ ಮೇಲೆ ನಡೆಯಲು ಬರುವುದಿಲ್ಲ, ಆದ್ದರಿಂದ ಅಕ್ಕ ಮೆಟ್ಟಿಲಿನಿಂದ ಮೆಟ್ಟಿಲಿಗೆ ಕೂತೇ ಇಳಿದಳು. ಒಳಗೆ ಮಗಳ ಲೆಗ್ಗಿಂಗ್ಸ್ ಹಾಕಿದ್ದಾಳೆಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಕೊನೆಯ ಮೆಟ್ಟಿಲಲ್ಲಿ ಬಾಲವನ್ನು ನೀರಿಗೆ ಇಳಿಬಿಟ್ಟಳು. ಯಾರೂ ನಗಲಿಲ್ಲ. ಆಮೇಲೆ ಸದ್ದಿಲ್ಲದೆ ಜಾರಿದಳು.

ಮುಳುಗಿದಳು. ಬಹಳ ಹೊತ್ತು ಬರಲಿಲ್ಲ. ಗಾಜಿನ ತೊಟ್ಟಿ ನೆನಪಿಸಿಕೊಂಡು ನಾನೂ ಅವಳ ಜೊತೆ ಉಸಿರು ಹಿಡಿದೆ, ನನ್ನದು ಮುಗಿಯಿತು, ಅವಳದು ಮುಗಿಯಲಿಲ್ಲ. ಎದ್ದದ್ದು ಆಚೆ ದಂಡೆಯಲ್ಲಿ, ಮುಷ್ಟಿಯಲ್ಲಿ ಕೆಸರು. ಬಾಲ ಚೆನ್ನಾಗಿಯೇ ಕೆಲಸ ಮಾಡಿತು ಎಂದು ಅದರ ತಯಾರಕನಾಗಿ ಹೇಳಬೇಕು. ಆದರೆ ಎರಡು ಸುತ್ತು ಹಾಕಿದ ಮೇಲೆ ಅಕ್ಕ ನನ್ನ ಮೆಟ್ಟಿಲಿಗೆ ಬಂದು, "ಭಾಳ ಭಾರ ಐತೋ ಇದು, ಹಿಡಿ" ಎಂದು ಕಳಚಿ ನನ್ನ ತೊಡೆಯ ಮೇಲೆ ಹಾಕಿದಳು. ಲೆಗ್ಗಿಂಗ್ಸಿನ ಎರಡು ಕಾಲುಗಳು ಎಲ್ಲರೆದುರಿಗೆ ನೀರು ಒದೆಯುತ್ತ ಬಾವಿಯ ನಡುವಿಗೆ ಹೋದವು. ಅವಳಿಗೆ ಅದರ ನೆನಪೇ ಇರಲಿಲ್ಲ. ಪ್ಲಾಟಿನಂ, ತವರ, ಮೆದುತನದ ನಂಬರು ಎಲ್ಲ ಮಡಿಲಲ್ಲಿ ಇಟ್ಟುಕೊಂಡು ನಾನು ಒದ್ದೆಯಾಗಿ ಕೂತಿದ್ದೆ. ನನಗೆ ಅಳು ಬಂತು. ನೀರು ಸಿಡಿಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಾಕಾದ ಮೇಲೆ ಅಕ್ಕ ಮೆಟ್ಟಿಲಿಗೆ ಬಂದು ಕೂತು ಮೇಲೆ ನೋಡಿದಳು. "ಈರಣ್ಣ, ಬಾವಿ ನಿಂದು. ಮುಚ್ಚಬ್ಯಾಡ ಅನ್ನಾಕ ನಾ ಯಾರು? ಆದ್ರ ಒಂದ ಬ್ಯಾಸಿಗಿ ಕೊಸರ ಕೊಡು."

ಈರಣ್ಣ ಸಂತೆಯಲ್ಲಿ ಬೆಳೆದವನು. ಹೆಚ್ಚಿನ ರೇಟು ಕೇಳಿದರೆ ಅವನಿಗೆ ಉತ್ತರ ಗೊತ್ತು, ಸಾಲ ಕೇಳಿದರೂ ಗೊತ್ತು. ಕೊಸರು ಕೇಳಿದವರಿಗೆ ಇಲ್ಲ ಎನ್ನುವುದನ್ನು ನಮ್ಮ ಕಡೆ ಯಾರೂ ಕಲಿತಿಲ್ಲ. ಅವನು ಮಣ್ಣಿನ ಗುಡ್ಡೆ ನೋಡಿದ, ನನ್ನನ್ನು ನೋಡಿದ, ಹಗ್ಗ ಸುರುಳಿ ಸುತ್ತಿದ. ಟ್ರ್ಯಾಕ್ಟರಿಗೆ ಒಯ್ಯುತ್ತಾನೆ ಅಂದುಕೊಂಡೆ. ಬಾವಿಯ ದಂಡೆಯ ಬೇವಿನ ಟೊಂಗೆಗೆ ನೇತುಹಾಕಿದ.

ಬಾಲ ಈಗ ನನ್ನ ಅಂಗಡಿಯಲ್ಲಿ, ನಲ್ಲಿಯ ಕೊಳವೆಗಳ ಪಕ್ಕದ ಗೂಟಕ್ಕೆ ತೂಗುತ್ತಿದೆ. ಅಕ್ಕ ಒಯ್ಯಲಿಲ್ಲ, ಬೇಡವಂತೆ. ಬಂದ ಗಿರಾಕಿಗಳು ಮುಟ್ಟಿ ನೋಡುತ್ತಾರೆ, ಮೊನ್ನೆ ಒಬ್ಬರು "ಇದು ಯಾತಕ್ಕ ಬರತೈತ್ರಿ?" ಎಂದು ಕೇಳಿದರು.

"ಬಾವಿಯ ಮೆಟ್ಟಿಲ ಇಳಿಯಾಕ ರೀ" ಎಂದು ಹೇಳಿ ಅವರ ಮೊಳೆ ತೂಗಿದೆ.